ಡಬ್ಬದ ಮೇಲೆ 3000, ಕೈಗೆ ಬರೋದು 600: ಫೈಬರ್‌ಗೆ ರೌಟರ್ ಹೋಲಿಸುವ ಟಿಪ್ಪಣಿ

ಮನೆಗೆ 1 ಜಿಬಿಪಿಎಸ್ (ಸೆಕೆಂಡಿಗೆ 1000 ಮೆಗಾಬಿಟ್, ಅಂದರೆ 1000 ಎಂಬಿಪಿಎಸ್) ಫೈಬರ್ ಬಂದಿದೆ ಅಂದುಕೊಳ್ಳಿ. ರೌಟರ್ ಡಬ್ಬದ ಮೇಲೆ ಎಎಕ್ಸ್3000 (ಎಎಕ್ಸ್ ಅಂದರೆ ವೈಫೈ 6) ಅಂತ ದಪ್ಪಕ್ಷರದಲ್ಲಿದೆ. 3000 ಅಂದರೆ 1000ದ ಮೂರು ಪಟ್ಟು, ಧಾರಾಳವಾಗಿ ಸಾಕು, ಅಲ್ವಾ? ಆದರೆ ಪಕ್ಕದ ಕೋಣೆಯಲ್ಲಿ ಕೂತು ಮೊಬೈಲಿನಲ್ಲಿ ಸ್ಪೀಡ್ ನೋಡಿದರೆ 600ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ರೌಟರ್ ಕೆಟ್ಟಿಲ್ಲ. ಡಬ್ಬದವರು ಸುಳ್ಳನ್ನೂ ಹೇಳಿಲ್ಲ. ನಾವು ತಪ್ಪು ಸಾಲನ್ನು ಓದಿದ್ದೇವೆ, ಅಷ್ಟೇ.

ಫೈಬರ್‌ನಿಂದ ಮೊಬೈಲಿಗೆ ಬರುವ ಡೇಟಾ ಒಂದರ ಹಿಂದೆ ಒಂದು ಬಾಗಿಲು ದಾಟುತ್ತದೆ. ಮೊದಲು ರೌಟರಿನ ವ್ಯಾನ್ ಪೋರ್ಟ್, ಅಂದರೆ ಹೊರಗಿನ ಇಂಟರ್ನೆಟ್ ಕೇಬಲ್ ಸಿಕ್ಕಿಸುವ ಕಿಂಡಿ. ಆಮೇಲೆ ಒಳಗಿನ ಪ್ರೊಸೆಸರ್. ಆಮೇಲೆ ವೈಫೈ ರೇಡಿಯೋ. ಕೊನೆಗೆ ನಿಮ್ಮ ಕೈಯಲ್ಲಿರುವ ಮೊಬೈಲಿನ ರೇಡಿಯೋ. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಕಿರಿದೋ ಅದೇ ನಿಮ್ಮ ವೇಗ. ಡಬ್ಬದ ದೊಡ್ಡ ಸಂಖ್ಯೆ ಮೂರನೇ ಬಾಗಿಲಿನ ಬಗ್ಗೆ ಮಾತ್ರ ಹೇಳುತ್ತದೆ. ಅದನ್ನೂ ನೆಟ್ಟಗೆ ಹೇಳುವುದಿಲ್ಲ.

ಪೋರ್ಟ್ ಮೊದಲು ನೋಡಿ

ನಾನು ಮೊದಲ ಸಲ ಕೊಂಡ ರೌಟರಿನ ಮೇಲೆ ಎಸಿ1200 ಅಂತ ಇತ್ತು. ವಾರಗಟ್ಟಲೆ ಎಷ್ಟೇ ತಿಣುಕಿದರೂ 94 ಎಂಬಿಪಿಎಸ್ ದಾಟಲೇ ಇಲ್ಲ. ಚಾನೆಲ್ ಬದಲಿಸಿದೆ, ರೌಟರನ್ನು ಕಪಾಟಿನ ಮೇಲೇರಿಸಿದೆ, ಇಂಟರ್ನೆಟ್ ಕಂಪನಿಯವರ ಜೊತೆ ಜಗಳವನ್ನೂ ಆಡಿದೆ. ಕೊನೆಗೆ ಸ್ಪೆಸಿಫಿಕೇಷನ್ ಶೀಟಿನ ಕೆಳಗಡೆ ಸಣ್ಣಕ್ಷರದಲ್ಲಿ ಕಂಡಿತು: ಪೋರ್ಟುಗಳೆಲ್ಲ 10/100. ಅಂದರೆ 100 ಎಂಬಿಪಿಎಸ್‌ನ ಬಾಗಿಲಿಗೆ 1200ರ ಬೋರ್ಡು ತೂಗುಹಾಕಿದ್ದರು. ಅವತ್ತಿನಿಂದ ಶೀಟನ್ನು ಕೆಳಗಿನಿಂದ ಮೇಲಕ್ಕೆ ಓದುವುದು ನನಗೆ ರೂಢಿಯಾಗಿದೆ.

ಆ 94 ಎಲ್ಲಿಂದ ಬಂತು? ಕೇಬಲಿನಲ್ಲಿ ಡೇಟಾ ಹೋಗುವುದು ಈಥರ್ನೆಟ್ ಫ್ರೇಮು ಅನ್ನುವ ಕಂತುಗಳಲ್ಲಿ. ಪೂರ್ತಿ ತುಂಬಿದ ಪ್ರತಿ ಫ್ರೇಮು ತಂತಿಯ ಮೇಲೆ 1538 ಬೈಟಿನಷ್ಟು ಜಾಗ ತಿನ್ನುತ್ತದೆ. ಅದರಲ್ಲಿ ನಿಮ್ಮ ಫೈಲಿಗೆ ಸೇರಿದ್ದು ಸಾಮಾನ್ಯವಾಗಿ 1448 ಬೈಟ್. ಮಿಕ್ಕಿದ್ದು ವಿಳಾಸ, ತಪ್ಪು ಪರೀಕ್ಷೆ, ಎರಡು ಫ್ರೇಮುಗಳ ನಡುವಿನ ಬಿಡುವು. 1448ನ್ನು 1538ರಿಂದ ಭಾಗಿಸಿದರೆ 0.94. ಹಾಗಾಗಿ 100ರ ಪೋರ್ಟಿನಲ್ಲಿ 94, ಗಿಗಾಬಿಟ್ ಪೋರ್ಟಿನಲ್ಲಿ 941, 2.5 ಗಿಗಾಬಿಟ್ ಪೋರ್ಟಿನಲ್ಲಿ ಸುಮಾರು 2350 ಎಂಬಿಪಿಎಸ್. ಸ್ಪೀಡ್ ಟೆಸ್ಟಿನಲ್ಲಿ 94ರ ಹತ್ತಿರ ಕಂಡರೆ ಎಲ್ಲೋ ಒಂದು 100ರ ಪೋರ್ಟ್ ಇದೆ, ಇಲ್ಲವೇ ಕೇಬಲಿನ ಒಂದು ಎಳೆ ಸರಿಯಾಗಿ ಕೂತಿಲ್ಲ. ಗಿಗಾಬಿಟ್‌ಗೆ ಎಂಟೂ ಎಳೆ ಬೇಕು. ನಾಲ್ಕೇ ಕೂತಿದ್ದರೆ 100ಕ್ಕೆ ಇಳಿಯುತ್ತದೆ.

2.5 ಗಿಗಾಬಿಟ್ ವಿಷಯದಲ್ಲಿ ಒಂದು ಕಿವಿಮಾತು. ಎಷ್ಟೋ ರೌಟರುಗಳಲ್ಲಿ ಅಂಥ ಪೋರ್ಟ್ ಒಂದೇ ಇರುತ್ತದೆ. ಫೈಬರ್ ಡಬ್ಬಿಯ ಕೇಬಲನ್ನು ಅದಕ್ಕೆ ಹಾಕಿದರೆ ಉಳಿದ ಲ್ಯಾನ್ (ಮನೆಯೊಳಗಿನ ಸಾಧನಗಳ) ಪೋರ್ಟುಗಳು 1 ಗಿಗಾಬಿಟ್ಟಿನವೇ. ಒಂದೇ ಕಂಪ್ಯೂಟರಿಗೆ 2 ಜಿಬಿಪಿಎಸ್ ಬೇಕು ಅನ್ನುವವರು ಇಂಥವು ಎರಡಾದರೂ ಇವೆಯಾ ಅಂತ ಎಣಿಸಬೇಕು. ಕೇಬಲ್ ಬದಲಿಸಬೇಕಿಲ್ಲ, ಕ್ಯಾಟ್ 5ಇ ದರ್ಜೆಯ ಕೇಬಲ್ ಸಾಕು. 2016ರಲ್ಲಿ ಈ ಮಾನದಂಡ ತಂದದ್ದೇ ಗೋಡೆಯೊಳಗಿನ ಹಳೇ ಕೇಬಲಿನಲ್ಲಿ ಗಿಗಾಬಿಟ್‌ಗಿಂತ ಜಾಸ್ತಿ ಓಡಿಸಲು.

ಆ 3000 ಹೇಗೆ ಹುಟ್ಟಿತು

ಇದು ನನಗೆ ತುಂಬಾ ಇಷ್ಟವಾದ ಲೆಕ್ಕ. ಒಂದು ಸಲ ಕೈಯಾರೆ ಮಾಡಿದರೆ ಡಬ್ಬದ ಸಂಖ್ಯೆಗಳಿಗೆ ಮತ್ತೆ ಬೆರಗಾಗುವುದಿಲ್ಲ.

ವೈಫೈ 6ರ ಚಾನೆಲನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಸೀಳಿರುತ್ತಾರೆ. ಇವಕ್ಕೆ ಸಬ್‌ಕ್ಯಾರಿಯರ್ ಅನ್ನುತ್ತಾರೆ. 80 ಮೆಗಾಹರ್ಟ್ಸ್ ಅಗಲದ ಚಾನೆಲಿನಲ್ಲಿ ಡೇಟಾ ಹೊರುವಂಥವು 980. ಸಿಗ್ನಲ್ ಚೆನ್ನಾಗಿದ್ದಾಗ 1024-ಕ್ವಾಮ್ ಅನ್ನುವ, ಅಲೆಯ ಮೇಲೆ ಬಿಟ್ ತುಂಬುವ ವಿಧಾನ ನಡೆಯುತ್ತದೆ, ಅಂದರೆ ಒಂದೊಂದು ಪಟ್ಟಿಯೂ ಒಂದು ಸಲಕ್ಕೆ 10 ಬಿಟ್ ಹೊರುತ್ತದೆ. ಪ್ರತಿ 6 ಬಿಟ್‌ನಲ್ಲಿ 5 ಮಾತ್ರ ನಿಜವಾದ ಡೇಟಾ, ಒಂದು ತಪ್ಪು ತಿದ್ದಲು ಮೀಸಲು. ಇಷ್ಟನ್ನೂ ಒಂದು ಸಲ ಕಳಿಸಲು 13.6 ಮೈಕ್ರೋಸೆಕೆಂಡ್ ಬೇಕು.

980 × 10 × 5/6 = ಸುಮಾರು 8167 ಬಿಟ್. ಇದನ್ನು 13.6ರಿಂದ ಭಾಗಿಸಿ: 600 ಎಂಬಿಪಿಎಸ್. ಇದು ಒಂದು ಸ್ಟ್ರೀಮ್, ಅಂದರೆ ಒಂದೇ ಹೊತ್ತಿಗೆ ಸಮಾನಾಂತರವಾಗಿ ಹರಿಯುವ ಡೇಟಾ ಧಾರೆಗಳಲ್ಲಿ ಒಂದು. ಎರಡು ಸ್ಟ್ರೀಮ್ ಇದ್ದರೆ 1201. ಚಾನೆಲ್ 160 ಮೆಗಾಹರ್ಟ್ಸ್ ಆದರೆ ಪಟ್ಟಿಗಳೂ ಎರಡು ಪಟ್ಟು, 2402. ಇದು 5 ಗಿಗಾಹರ್ಟ್ಸ್ ಬ್ಯಾಂಡಿನ ಲೆಕ್ಕ.

ಈಗ 2.4 ಗಿಗಾಹರ್ಟ್ಸ್ ಬ್ಯಾಂಡ್. ಅಲ್ಲಿ 40 ಮೆಗಾಹರ್ಟ್ಸ್, 468 ಪಟ್ಟಿ, ಎರಡು ಸ್ಟ್ರೀಮ್: 574. ಕೂಡಿಸಿ. 2402 + 574 = 2976. ಅದನ್ನು ಸುತ್ತು ಮಾಡಿದರೆ 3000! ನಿಮ್ಮ ಮೊಬೈಲ್ ಒಂದು ಹೊತ್ತಿಗೆ ಒಂದೇ ಬ್ಯಾಂಡಿನಲ್ಲಿ ಇರುತ್ತದೆ. ಹಾಗಿದ್ದ ಮೇಲೆ ಈ ಕೂಡಿಕೆಯಿಂದ ನಿಮಗೇನು ಸಿಕ್ಕಿತು? ಎರಡು ಬಸ್ಸುಗಳ ಸೀಟು ಕೂಡಿಸಿ ಹೇಳಿದ ಹಾಗೆ. ನೀವು ಕೂರುವುದು ಒಂದರಲ್ಲೇ.

ಅದಕ್ಕೆ ಎಎಕ್ಸ್ ಸಂಖ್ಯೆ ಬಿಟ್ಟು ಮೂರು ವಿಷಯ ಕೇಳಿ: ಎಷ್ಟು ಸ್ಟ್ರೀಮ್, ಎಷ್ಟು ಅಗಲ, ಯಾವ ಬ್ಯಾಂಡ್. ಶೀಟಿನಲ್ಲಿ 2×2 (ಎರಡು ಸ್ಟ್ರೀಮ್), 4×4 (ನಾಲ್ಕು ಸ್ಟ್ರೀಮ್) ಅಂತ ಇರುತ್ತದೆ. ಆಂಟೆನಾ ಕಡ್ಡಿಗಳನ್ನು ಎಣಿಸಬೇಡಿ. ಆರು ಕಡ್ಡಿ ಇದ್ದೂ 5 ಗಿಗಾಹರ್ಟ್ಸ್‌ನಲ್ಲಿ 2×2 ಮಾತ್ರ ಇರಬಹುದು.

ವೈಫೈ 7ರಲ್ಲೂ ಇದೇ ಆಟ. 4096-ಕ್ವಾಮ್‌ನಿಂದ 10 ಬಿಟ್ ಇದ್ದದ್ದು 12 ಆಗುತ್ತದೆ. 320 ಮೆಗಾಹರ್ಟ್ಸ್ ಅಗಲವೂ ಬಂತು, ಆದರೆ ಅದಕ್ಕೆ ಜಾಗ ಇರುವುದು 6 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಮಾತ್ರ. ಬಿಇ3600 ಅಂತ ಕಂಡರೆ ಲೆಕ್ಕ ಬಿಡಿಸಿ: 2882 + 688. ಇಲ್ಲಿ 6 ಗಿಗಾಹರ್ಟ್ಸ್ ರೇಡಿಯೋ ಇಲ್ಲವೇ ಇಲ್ಲ. ಹೆಸರಿಗೆ ವೈಫೈ 7, ಅಗಲ ಅದೇ ಹಳೇ 160.

ಮೊಬೈಲಿನ ಕಡೆಯ ಬಾಗಿಲು

ಬಹುಪಾಲು ಮೊಬೈಲ್ ಮತ್ತು ಲ್ಯಾಪ್‌ಟಾಪುಗಳು 2×2. ಎಷ್ಟೋ ಮೊಬೈಲುಗಳು 5 ಗಿಗಾಹರ್ಟ್ಸ್‌ನಲ್ಲಿ 80 ಮೆಗಾಹರ್ಟ್ಸ್‌ಗೇ ನಿಲ್ಲುತ್ತವೆ. ಉದಾಹರಣೆಗೆ ಐಫೋನ್ 14. ರೌಟರ್ 2402 ಕೊಡಲು ಸಿದ್ಧವಿದ್ದರೂ ಇಬ್ಬರೂ ಒಪ್ಪುವುದು 1201ಕ್ಕೆ. ಅದೂ ಗಾಳಿಯಲ್ಲಿನ ಲಿಂಕ್ ವೇಗ. ವೈಫೈನಲ್ಲಿ ಒಂದು ಚಾನೆಲಿನಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಪ್ರತಿ ಕಂತಿಗೂ ‘ಬಂತು’ ಅನ್ನುವ ಉತ್ತರ ವಾಪಸ್ ಬರಬೇಕು. ಇದೆಲ್ಲ ಕಳೆದು ಲಿಂಕ್ ವೇಗದ ಮೂರನೇ ಎರಡು ಭಾಗ ಸಿಕ್ಕರೆ ಚೆನ್ನಾಗಿದೆ ಅಂತಲೇ ಅರ್ಥ. 1201ರಲ್ಲಿ ಅದು 800. ನಡುವೆ ಒಂದು ಗೋಡೆ ಬಂದರೆ 600. ನಾವು ಶುರುವಿನಲ್ಲಿ ನೋಡಿದ ಸಂಖ್ಯೆ ಇದೇ.

160 ಮೆಗಾಹರ್ಟ್ಸ್ ಇರುವ ಲ್ಯಾಪ್‌ಟಾಪ್ ಇದ್ದರೂ ಒಂದು ತೊಡಕಿದೆ. 5 ಗಿಗಾಹರ್ಟ್ಸ್‌ನಲ್ಲಿ ಅಷ್ಟು ಅಗಲ ಬೇಕೆಂದರೆ ಸಾಮಾನ್ಯವಾಗಿ ರೇಡಾರ್‌ಗಳು ಬಳಸುವ ಚಾನೆಲುಗಳ ಮೇಲೂ ಕಾಲಿಡಬೇಕು. ರೌಟರ್ ಅಲ್ಲಿ ಕನಿಷ್ಠ 60 ಸೆಕೆಂಡ್ ಸುಮ್ನೆ ಕಿವಿಗೊಟ್ಟು ಕೂರಬೇಕು. ರೇಡಾರ್ ಕೇಳಿಸಿದರೆ ಜಾಗ ಬಿಟ್ಟು ಹೋಗಬೇಕು. ರೌಟರ್ ಆನ್ ಮಾಡಿದ ತಕ್ಷಣ 5 ಗಿಗಾಹರ್ಟ್ಸ್ ಹೆಸರು ಕಾಣಿಸದಿದ್ದರೆ ಗಾಬರಿಯಾಗಬೇಡಿ, ಅದು ಕಾಯುತ್ತಿರಬಹುದು.

ಪ್ರೊಸೆಸರ್: ಯಾರೂ ಕೇಳದ ಸಾಲು

1 ಜಿಬಿಪಿಎಸ್ ಪೂರ್ತಿ ಓಡುವಾಗ ಸೆಕೆಂಡಿಗೆ ಸುಮಾರು 81,000 ದೊಡ್ಡ ಪ್ಯಾಕೆಟ್ ಬರುತ್ತವೆ. ಪ್ರತಿಯೊಂದರ ವಿಳಾಸ ಬದಲಿಸಬೇಕು, ಅದು ಯಾವ ಕನೆಕ್ಷನ್‌ಗೆ ಸೇರಿದ್ದು ಅಂತ ಹುಡುಕಬೇಕು, ಫೈರ್‌ವಾಲ್ ನಿಯಮ ನೋಡಬೇಕು. ರೌಟರಿನ ಚಿಕ್ಕ ಪ್ರೊಸೆಸರಿಗೆ ಇದು ಸಣ್ಣ ಕೆಲಸವಲ್ಲ. ಹಾಗಾಗಿ ಹಾರ್ಡ್‌ವೇರ್ ಆಫ್‌ಲೋಡ್ ಅಂತ ಒಂದು ಉಪಾಯವಿದೆ. ಒಂದು ಕನೆಕ್ಷನ್ನಿನ ಮೊದಲ ಕೆಲವು ಪ್ಯಾಕೆಟ್‌ಗಳನ್ನು ಪ್ರೊಸೆಸರ್ ನೋಡುತ್ತದೆ. ಆಮೇಲಿನವನ್ನು ಚಿಪ್ಪಿನ ಇನ್ನೊಂದು ಭಾಗ ತಾನೇ ಸಾಗಿಸುತ್ತದೆ. ಮೀಡಿಯಾಟೆಕ್ ಎಂಟಿ7621 ಹಳೇ ಚಿಪ್, 880 ಮೆಗಾಹರ್ಟ್ಸ್‌ನ ಎರಡು ಕೋರ್. ಅಂಥದ್ದೂ ಗಿಗಾಬಿಟ್ ಓಡಿಸುವುದು ಈ ಉಪಾಯದಿಂದಲೇ.

ಆದರೆ ಈ ಉಪಾಯ ಯಾವಾಗಲೂ ನಡೆಯುವುದಿಲ್ಲ. ವಿಡಿಯೋ ಕಾಲ್ ತೊದಲಬಾರದು ಅಂತ ಎಸ್‌ಕ್ಯೂಎಂ (ಪ್ಯಾಕೆಟ್‌ಗಳ ಸರದಿಯನ್ನು ನಿಭಾಯಿಸುವ ವ್ಯವಸ್ಥೆ) ಹಾಕುತ್ತೀರಿ. ಇಲ್ಲವೇ ರೌಟರಿನಲ್ಲೇ ವಿಪಿಎನ್ (ಡೇಟಾವನ್ನು ಗುಪ್ತಲಿಪಿಯಲ್ಲಿ ಸಾಗಿಸುವ ಸುರಂಗ) ಓಡಿಸುತ್ತೀರಿ. ಆಗ ಪ್ರತಿ ಪ್ಯಾಕೆಟ್ಟನ್ನೂ ಪ್ರೊಸೆಸರೇ ಮುಟ್ಟಬೇಕು. ಆ ಹಳೇ ಚಿಪ್ ಆಗ ಗಿಗಾಬಿಟ್‌ನ ಹತ್ತಿರಕ್ಕೂ ಬರುವುದಿಲ್ಲ. ಪಿಪಿಪಿಒಇ ಲಾಗಿನ್ (ರೌಟರಿನಲ್ಲಿ ಕಂಪನಿ ಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಹಾಕುವುದು) ಇರುವ ಕನೆಕ್ಷನ್ ಆದರೆ ಇನ್ನೊಂದು ಕಿರಿಕಿರಿ. ಪ್ರತಿ ಪ್ಯಾಕೆಟ್‌ಗೂ 8 ಬೈಟಿನ ಹೊದಿಕೆ ಬರುತ್ತದೆ. ಆಫ್‌ಲೋಡ್‌ಗೆ ಆ ಹೊದಿಕೆ ಬಿಚ್ಚಲು ಬಾರದಿದ್ದರೆ ಎಲ್ಲವೂ ಒಂದೇ ಕೋರಿನ ತಲೆಗೆ ಬೀಳುವುದೇ ಜಾಸ್ತಿ. ನಾಲ್ಕು ಕೋರ್ ಇದ್ದು ಮೂರು ಆಕಳಿಸುತ್ತಾ ಕೂತಿರುತ್ತವೆ.

ಗಿಗಾಹರ್ಟ್ಸ್ ಒಂದನ್ನೇ ಹೋಲಿಸಿದರೆ ಮೋಸ ಹೋಗುತ್ತೀರಿ. 1.5 ಗಿಗಾಹರ್ಟ್ಸ್‌ನ ಕಾರ್ಟೆಕ್ಸ್ ಎ7 ಕೋರ್ ಬೇರೆ, ಅಷ್ಟೇ ವೇಗದ ಎ53 ಬೇರೆ. ಎರಡನೆಯದು ಹೊಸ ತಲೆಮಾರು, 64 ಬಿಟ್. ಎಸ್‌ಕ್ಯೂಎಂ ಬೇಕು ಅನ್ನುವವರಿಗೆ ನಾನು ಹೇಳುವುದು ಮೀಡಿಯಾಟೆಕ್‌ನ ಫಿಲೋಜಿಕ್ 830 ಮಟ್ಟದ ಚಿಪ್, ಅಂದರೆ 2 ಗಿಗಾಹರ್ಟ್ಸ್‌ನ ನಾಲ್ಕು ಎ53 ಕೋರ್. ಅದೇನೂ ಬೇಡ, ಸುಮ್ನೆ ಸಿನಿಮಾ ನೋಡುತ್ತೇವೆ ಅನ್ನುವವರು ಈ ಸಾಲಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ರ್‍ಯಾಮ್ 256 ಎಂಬಿ ಇದ್ದರೆ ಮನೆಗೆ ಸಾಕು. ಓಪನ್‌ಡಬ್ಲ್ಯೂಆರ್‌ಟಿ (ರೌಟರಿನ ಮೂಲ ಸಾಫ್ಟ್‌ವೇರ್ ಬದಲು ಹಾಕುವ ಮುಕ್ತ ಸಾಫ್ಟ್‌ವೇರ್) ಹಾಕುವ ಆಸೆ ಇದ್ದರೆ ಅದು ಕೂರುವ ಫ್ಲ್ಯಾಶ್ ಮೆಮೊರಿ ಎಷ್ಟು ಅಂತಲೂ ನೋಡಿ, 128 ಎಂಬಿ ಇದ್ದರೆ ನೆಮ್ಮದಿ. ಯುಎಸ್‌ಬಿ 3 ಪೋರ್ಟಿಗೆ ಡಿಸ್ಕ್ ಸಿಕ್ಕಿಸಿದಾಗ 2.4 ಗಿಗಾಹರ್ಟ್ಸ್ ವೈಫೈ ಮಂಕಾಗುವುದುಂಟು. ಅದರ ಸದ್ದು ಅದೇ ಬ್ಯಾಂಡಿನಲ್ಲಿ ಬೀಳುತ್ತದೆ.

ಒಂದು ಅಭ್ಯಾಸ

ರೌಟರ್ ಒಂದು: ಎಎಕ್ಸ್5400, 5 ಗಿಗಾಹರ್ಟ್ಸ್‌ನಲ್ಲಿ 4×4, 160 ಮೆಗಾಹರ್ಟ್ಸ್, ಪೋರ್ಟುಗಳೆಲ್ಲ 1 ಗಿಗಾಬಿಟ್. ರೌಟರ್ ಎರಡು: ಎಎಕ್ಸ್3000, 2×2, 160 ಮೆಗಾಹರ್ಟ್ಸ್, 2.5 ಗಿಗಾಬಿಟ್ ಪೋರ್ಟ್ ಎರಡು. ಮನೆಯಲ್ಲಿರುವ ಸಾಧನಗಳೆಲ್ಲ 2×2.

ಪ್ಲಾನ್ 1 ಜಿಬಿಪಿಎಸ್ ಆದರೆ? ಪಕ್ಕದಲ್ಲೇ ಕೂತವನಿಗೆ ಎರಡೂ ಒಂದೇ. 4×4ರ ಲಾಭ ಕಾಣುವುದು ದೂರದ ಕೋಣೆಯಲ್ಲಿ. ಜಾಸ್ತಿ ಆಂಟೆನಾ ಇರುವ ರೌಟರ್ ಮೊಬೈಲಿನ ಕ್ಷೀಣ ಸಿಗ್ನಲನ್ನು ಚೆನ್ನಾಗಿ ಹಿಡಿಯುತ್ತದೆ. ಹಾಗಾಗಿ ನಾನಾದರೆ ಮೊದಲನೇ ರೌಟರನ್ನೇ ತಗೊಳ್ಳುತ್ತಿದ್ದೆ. ಪ್ಲಾನ್ 2 ಜಿಬಿಪಿಎಸ್ ಆದರೆ ಉತ್ತರ ತಿರುಗುತ್ತದೆ. ಎಎಕ್ಸ್5400 ಮನೆಗೆಲ್ಲ ಸೇರಿ 941ರಲ್ಲೇ ನಿಲ್ಲುತ್ತದೆ, ಎಎಕ್ಸ್3000 ಮುಂದೆ ಹೋಗುತ್ತದೆ. ಅದೇ 2 ಜಿಬಿಪಿಎಸ್ ಪಿಪಿಪಿಒಇ ಮೇಲೆ ಬಂದು ಎಸ್‌ಕ್ಯೂಎಂ ಕೂಡ ಬೇಕು ಅಂದರೆ ನಾನು ಕೊಟ್ಟ ಮಾಹಿತಿಯಲ್ಲಿ ಉತ್ತರವೇ ಇಲ್ಲ. ಚಿಪ್ಪಿನ ಹೆಸರು ಬರೆದಿಲ್ಲವಲ್ಲ.