ಶಿಕಾಗೊದಲ್ಲೇ ಇಳ್ಕೊಂಡ್ಬಿಡ್ತೀವಿ ಅನ್ನುವ ಮುನ್ನ

ಜೂನ್‌ನಿಂದ ಆಗಸ್ಟ್‌ವರೆಗೆ, ಮಕ್ಕಳ ಮನೆ ನೋಡಿಕೊಂಡು ಹಾಗೇ ನಾಲ್ಕು ಊರು ಸುತ್ತಿ ಬರಲು ಅಮೆರಿಕಕ್ಕೆ ಹೊರಟವರ ಕಾಲ. ಆ ಮೂರು ತಿಂಗಳು ಟ್ರಾವೆಲ್ ಏಜೆಂಟರಿಗೆ ಹೆಚ್ಚುಕಮ್ಮಿ ಒಂದೇ ಬಗೆಯ ಫೋನು ಬರುತ್ತದೆ. "ಸರ್, ಶಿಕಾಗೊದಲ್ಲಿದೀವಿ. ಇಂಡಿಯಾನಾಪೊಲಿಸ್ ಫ್ಲೈಟು ಕ್ಯಾನ್ಸಲ್ ಅಂತೆ. ಲಗೇಜೆಲ್ಲ ಕೈಗೆ ಬಂದಿದೆ. ಅಳಿಯಂದಿರು ಮೂರೇ ಗಂಟೆ ದಾರಿ, ಕಾರು ತರ್ತೀನಿ ಅಂತಿದಾರೆ. ಹೋಗ್ಬಿಡೋಣ ಅಲ್ವಾ?"

ಹೋಗಿ, ಆದರೆ ಏರ್‌ಲೈನ್‌ಗೆ ಹೇಳದೆ ಹೋಗಬೇಡಿ. ಈ ಉತ್ತರದ ಮೊದಲರ್ಧ ಮಾತ್ರ ಆ ಕಡೆಯವರ ಕಿವಿಗೆ ಬೀಳುತ್ತದೆ. ಎರಡು ತಿಂಗಳು ಬಿಟ್ಟು ವಾಪಸ್ ಹೊರಡುವ ದಿನ ಕೌಂಟರಿನಲ್ಲಿ "ನಿಮ್ಮ ಟಿಕೆಟ್ ರದ್ದಾಗಿದೆ" ಎಂದಾಗ ಮತ್ತೆ ಫೋನು. ಅಷ್ಟರಲ್ಲಿ ಬಹಳ ತಡವಾಗಿರುತ್ತದೆ.

ಒಂದೇ ಪಿಎನ್‌ಆರ್‌ನಲ್ಲಿ ಬೆಂಗಳೂರು–ಫ್ರಾಂಕ್‌ಫರ್ಟ್–ಶಿಕಾಗೊ–ಇಂಡಿಯಾನಾಪೊಲಿಸ್, ಮತ್ತೆ ಅದೇ ದಾರಿಯಲ್ಲಿ ವಾಪಸ್ ಅಂತ ಟಿಕೆಟ್ ಇದ್ದರೆ, ನಮ್ಮ ಲೆಕ್ಕದಲ್ಲಿ ಅದು ಆರು ಪ್ರಯಾಣ. ಏರ್‌ಲೈನ್ ಲೆಕ್ಕದಲ್ಲಿ ಅದು ಒಂದೇ ಒಪ್ಪಂದ, ಬರೆದ ಕ್ರಮದಲ್ಲೇ ಬಳಸಬೇಕಾದದ್ದು. ಮಧ್ಯದ ಒಂದು ವಿಮಾನಕ್ಕೆ ನೀವು ಹತ್ತದಿದ್ದರೆ ಅದಕ್ಕೆ ನೋ-ಶೋ ಎನ್ನುತ್ತಾರೆ. ನೋ-ಶೋ ಬಿದ್ದ ಮೇಲೆ ಮುಂದಿನ ಎಲ್ಲ ವಿಮಾನಗಳ ಸೀಟೂ ತಾನಾಗಿ ರದ್ದಾಗುತ್ತದೆ. ದುಡ್ಡು ಪೂರ್ತಿ ಕಟ್ಟಿದ್ದರೂ ಅಷ್ಟೇ, ಯಾರೂ ನಿಮ್ಮನ್ನು ಕೇಳುವುದಿಲ್ಲ.

"ಅವರೇ ಕ್ಯಾನ್ಸಲ್ ಮಾಡಿದ್ದು, ನಾವು ಬಿಟ್ಟಿದ್ದಲ್ವಲ್ಲ?" ಎಂಬ ಪ್ರಶ್ನೆ ನ್ಯಾಯವಾದದ್ದೇ. ಎಡವಟ್ಟಾಗುವುದೂ ಇಲ್ಲೇ. ವಿಮಾನ ರದ್ದಾದ ಸ್ವಲ್ಪ ಹೊತ್ತಿನಲ್ಲೇ ಕಂಪ್ಯೂಟರ್ ನಿಮ್ಮನ್ನು ತಾನಾಗಿ ಇನ್ನೊಂದು ವಿಮಾನಕ್ಕೆ ಹಾಕುತ್ತದೆ, ಉದಾಹರಣೆಗೆ ಮರುದಿನ ಬೆಳಗಿನ 7 ಗಂಟೆಯದ್ದಕ್ಕೆ. ಆ ಮೆಸೇಜು ಬರುವುದು ಟಿಕೆಟ್ ಮಾಡಿಸುವಾಗ ಕೊಟ್ಟ ನಂಬರಿಗೆ. ಆ ಸಿಮ್ಮು ಅಮೆರಿಕದಲ್ಲಿ ಕೆಲಸ ಮಾಡುತ್ತಿರುವುದಿಲ್ಲ. ನೀವು ಅಳಿಯನ ಮನೆಯಲ್ಲಿ ಅನ್ನ-ಸಾರು ಉಂಡು ಮಲಗಿದ್ದೀರಿ, ಬೆಳಗಿನ ವಿಮಾನ ನಿಮ್ಮನ್ನು ಬಿಟ್ಟು ಹೋಯಿತು. ನೋ-ಶೋ ಬಿದ್ದದ್ದು ಈ ಎರಡನೆಯ ವಿಮಾನಕ್ಕೆ, ಅದು ಇತ್ತು ಎಂಬುದೇ ನಿಮಗೆ ಗೊತ್ತಿಲ್ಲ.

ಹೀಗೆ ಕಾರು ಹತ್ತಿ ಹೊರಟುಬಿಡುವ ಆಸೆ ಶಿಕಾಗೊದಂಥ ಕಡೆಯೇ ಹುಟ್ಟುವುದಕ್ಕೂ ಕಾರಣವಿದೆ. ಬೆಂಗಳೂರಿನಲ್ಲಿ ಬ್ಯಾಗಿಗೆ ಇಂಡಿಯಾನಾಪೊಲಿಸ್ ಎಂದೇ ಟ್ಯಾಗ್ ಹಾಕಿದ್ದರೂ, ಅಮೆರಿಕದಲ್ಲಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಆಗಿ, ಬೆಲ್ಟಿನಿಂದ ಬ್ಯಾಗ್ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಹೊರಗಿರುವ ಕೌಂಟರಿನಲ್ಲಿ ಮತ್ತೆ ಕೊಡಬೇಕು. ಆಮೇಲೆ, ಶಿಕಾಗೊದಲ್ಲಾದರೆ, ಟರ್ಮಿನಲ್ 5ರಿಂದ ಟ್ರೈನು ಹಿಡಿದು ಬೇರೆ ಟರ್ಮಿನಲ್‌ಗೆ ಹೋಗಿ ಮತ್ತೊಮ್ಮೆ ಸೆಕ್ಯುರಿಟಿ. ಇದಕ್ಕೆಲ್ಲ ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ, ವ್ಹೀಲ್‌ಚೇರ್ ಕೇಳಿದ್ದರೆ ನಾಲ್ಕು. ಒಂದೂವರೆ ಗಂಟೆಯ ಕನೆಕ್ಷನ್ ಅಗ್ಗಕ್ಕೆ ಸಿಕ್ಕಿತೆಂದು ವಯಸ್ಸಾದ ತಂದೆ-ತಾಯಿಗೆ ಮಾಡಿಸಿಕೊಡಬೇಡಿ, ದಯವಿಟ್ಟು. ಅಬುಧಾಬಿ, ಡಬ್ಲಿನ್, ಟೊರಾಂಟೊದಂಥ ಕೆಲವೇ ಊರುಗಳ ಮೂಲಕ ಹೋಗುವವರಿಗೆ ಮಾತ್ರ ಅಮೆರಿಕದ ಇಮಿಗ್ರೇಷನ್ ಅಲ್ಲೇ ಮುಗಿಯುತ್ತದೆ. ಉಳಿದವರೆಲ್ಲ ಶಿಕಾಗೊದಲ್ಲಿ ಟ್ರಾಲಿ ತುಂಬ ಸೂಟ್‌ಕೇಸ್ ಇಟ್ಟುಕೊಂಡು ನಿಂತಿರುತ್ತಾರೆ. ಹದಿನೆಂಟಿಪ್ಪತ್ತು ಗಂಟೆ ಪ್ರಯಾಣ ಆಗಿದೆ, ಹೊಟ್ಟೆ ಹಸಿದಿದೆ, ಬಾಗಿಲಾಚೆ ರಸ್ತೆ ಕಾಣುತ್ತಿದೆ. ಹೊರಟುಬಿಡೋಣ ಅನ್ನಿಸುವುದು ಸಹಜ.

ಹಾಗೆ ಅನ್ನಿಸಿದಾಗ ನಿಂತ ಜಾಗದಿಂದಲೇ ಏರ್‌ಲೈನ್‌ಗೆ ಫೋನ್ ಮಾಡಿ. ಅಮೆರಿಕದ ನಂಬರು ಒಂದು ಗಂಟೆ ಕಾಯಿಸಿದರೆ ಅದೇ ಕಂಪನಿಯ ಭಾರತದ ನಂಬರಿಗೆ ಮನೆಯಲ್ಲಿರುವ ಯಾರಿಂದಲಾದರೂ ಮಾಡಿಸಿ, ಬುಕಿಂಗ್ ಅಲ್ಲೂ ಕಾಣುತ್ತದೆ. ಹೇಳಬೇಕಾದ ಮಾತು ಮೂರೇ: ಶಿಕಾಗೊ–ಇಂಡಿಯಾನಾಪೊಲಿಸ್ ಸೆಗ್ಮೆಂಟ್ ಒಂದನ್ನು ಮಾತ್ರ ತೆಗೆಯಿರಿ, ರಿಟರ್ನ್ ಹಾಗೇ ಉಳಿಸಿ, ಟಿಕೆಟ್ ರೀಇಶ್ಯೂ ಮಾಡಿ, ಅಂದರೆ ಬದಲಾದ ದಾರಿಗೆ ಹೊಸದಾಗಿ ಬರೆದುಕೊಡಿ. ವಿಮಾನ ಅವರಿಂದಲೇ ರದ್ದಾಗಿದ್ದರೆ ಸಾಮಾನ್ಯವಾಗಿ ಇದಕ್ಕೆ ದುಡ್ಡು ಕೇಳುವುದಿಲ್ಲ. ವಿಮಾನ ಸರಿಯಾಗಿಯೇ ಇದ್ದು ನೀವೇ ಬಿಡುವುದಾದರೆ ಹೊಸ ದರದ ವ್ಯತ್ಯಾಸ ಕಟ್ಟಬೇಕಾಗಬಹುದು. ಒಂದೊಂದು ಏರ್‌ಲೈನಿನದ್ದು ಒಂದೊಂದು ನಿಯಮ, ನಿಮ್ಮ ಟಿಕೆಟ್ಟಿನ ಫೇರ್ ರೂಲ್, ಅಂದರೆ ಆ ದರದ ಷರತ್ತು, ಏನಿದೆಯೋ ಅದೇ ಕೊನೆಯ ಮಾತು.

ಮೂರನೆಯ ಮಾತು, ರೀಇಶ್ಯೂ, ಬಹಳ ಜನ ಕೈಬಿಡುವಂಥದ್ದು. ಅದಾಗದಿದ್ದರೆ ಪಿಎನ್‌ಆರ್‌ನಲ್ಲಿ ಹೆಸರು, ಸೀಟು ಎಲ್ಲ ಚೆನ್ನಾಗಿ ಕಾಣುತ್ತಿರುತ್ತದೆ, ಅದರ ಹಿಂದಿನ ಟಿಕೆಟ್ ಮಾತ್ರ ಹಳೆಯ ದಾರಿಯದ್ದೇ ಉಳಿದಿರುತ್ತದೆ. ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಬರುವುದಿಲ್ಲ. ಫೋನ್ ಇಡುವ ಮೊದಲು ಹೊಸ ಇಟಿನರಿಯನ್ನು ಇಮೇಲ್ ಮಾಡಲು ಹೇಳಿ, ಅದರಲ್ಲಿ 13 ಅಂಕಿಯ ಇ-ಟಿಕೆಟ್ ನಂಬರು ಇದೆಯೇ ನೋಡಿ, ಮಾತಾಡಿದವರ ಹೆಸರು ಮತ್ತು ಸಮಯ ಬರೆದಿಟ್ಟುಕೊಳ್ಳಿ.

ವಾಪಸ್ ಬರುವಾಗ ಇದೇ ತಪ್ಪು ಇನ್ನೂ ದುಬಾರಿ. "ಇಂಡಿಯಾನಾಪೊಲಿಸ್‌ನಿಂದ ಚಿಕ್ಕ ವಿಮಾನ ಯಾಕೆ, ಶಿಕಾಗೊ ತೋರಿಸಿಕೊಂಡು ಅಲ್ಲೇ ಬಿಡ್ತೀನಿ ಅಮ್ಮ" ಎಂದು ಮಗ ಪ್ರೀತಿಯಿಂದ ಕಾರಿನಲ್ಲಿ ಕರೆತರುತ್ತಾನೆ. ರಿಟರ್ನ್‌ನ ಮೊದಲ ತುಂಡೇ ತಪ್ಪಿತು. ಶಿಕಾಗೊ–ಫ್ರಾಂಕ್‌ಫರ್ಟ್‌ಗೂ ಫ್ರಾಂಕ್‌ಫರ್ಟ್–ಬೆಂಗಳೂರಿಗೂ ಸೀಟಿಲ್ಲ. ಇಬ್ಬರಿಗೆ ಅದೇ ದಿನದ ಒನ್‌ವೇ ಟಿಕೆಟ್ ಎಂದರೆ, ಹೋಗಿಬರುವ ಇಡೀ ಟಿಕೆಟ್ಟಿಗೆ ಕೊಟ್ಟದ್ದಕ್ಕಿಂತ ಹೆಚ್ಚಾಗುವುದು ಅಪರೂಪವಲ್ಲ.

ಇನ್ನು ಆ್ಯಪ್‌ನಲ್ಲಿ ಕಾಣುವ ರೀಫಂಡ್ ಬಟನ್. ಅಮೆರಿಕದ ಸಾರಿಗೆ ಇಲಾಖೆಯ ನಿಯಮ ಪ್ರಯಾಣಿಕರ ಪರವಾಗಿಯೇ ಇದೆ. ಅಲ್ಲಿಗೆ ಹೋಗುವ, ಅಲ್ಲಿಂದ ಬರುವ, ಅಲ್ಲೇ ಓಡಾಡುವ ವಿಮಾನ ರದ್ದಾದರೆ, ಅಥವಾ ದೇಶದೊಳಗೆ 3 ಗಂಟೆ, ಅಂತರರಾಷ್ಟ್ರೀಯವಾದರೆ 6 ಗಂಟೆಗಿಂತ ಹೆಚ್ಚು ಏರುಪೇರಾದರೆ, ಬದಲಿ ವಿಮಾನ ಒಪ್ಪದವರಿಗೆ ದುಡ್ಡು ವಾಪಸ್ ಕೊಡಲೇಬೇಕು. ಕ್ರೆಡಿಟ್ ಕಾರ್ಡಿಗಾದರೆ 7 ಕೆಲಸದ ದಿನಗಳಲ್ಲಿ. ವೋಚರ್ ತೆಗೆದುಕೊಳ್ಳಿ ಎಂದು ಬಲವಂತ ಮಾಡುವಂತಿಲ್ಲ. ಆದರೆ ರೀಫಂಡ್ ಒಪ್ಪಿದ ಕ್ಷಣಕ್ಕೆ ನಿಮ್ಮನ್ನು ಊರು ಮುಟ್ಟಿಸುವ ಹೊಣೆ ಏರ್‌ಲೈನಿನದ್ದಲ್ಲ. ಬಿರುಗಾಳಿಯ ರಾತ್ರಿ ಸಿಟ್ಟಿನಲ್ಲಿ ರೀಫಂಡ್ ಒತ್ತಿ, ಅರ್ಧ ಗಂಟೆಯ ಮೇಲೆ ಅದೇ ದಾರಿಯ ಸೀಟಿಗೆ ಮೂರು ಪಟ್ಟು ಕೊಟ್ಟು ಕೊಂಡವರಿದ್ದಾರೆ. ಮೊದಲು ಹೋಗುವ ದಾರಿ ಗಟ್ಟಿ ಮಾಡಿಕೊಳ್ಳಿ. ಬಸ್ಸೋ ಕಾರೋ ಬೇರೆ ವಿಮಾನವೋ ಕೈಯಲ್ಲಿದ್ದರೆ ಮಾತ್ರ ರೀಫಂಡ್, ಅದೂ ಬಿಟ್ಟ ಆ ತುಂಡಿಗೆ ಮಾತ್ರ ಎಂದು ಬಾಯಿಬಿಟ್ಟು ಹೇಳಿ.

ಹೋಟೆಲು, ಊಟದ ಖರ್ಚು ಯಾರದ್ದು? ವಿಮಾನ ಕೆಟ್ಟಿದ್ದಕ್ಕೋ ಸಿಬ್ಬಂದಿ ಇಲ್ಲದ್ದಕ್ಕೋ 3 ಗಂಟೆ ಕಾಯಬೇಕಾದರೆ ಅಲ್ಲಿನ ದೊಡ್ಡ ಏರ್‌ಲೈನ್‌ಗಳು ಊಟದ ಕೂಪನ್ ಕೊಡುತ್ತೇವೆಂದು ಮಾತು ಕೊಟ್ಟಿವೆ, ರಾತ್ರಿ ಉಳಿಯಬೇಕಾದರೆ ಬಹುಪಾಲು ಕಂಪನಿಗಳು ಹೋಟೆಲನ್ನೂ ಕೊಡುತ್ತವೆ. ಆದರೆ ಕೇಳಬೇಕು, ಕೇಳದವರಿಗೆ ಸಿಗದೆ ಹೋಗಬಹುದು. ಮಳೆ, ಗುಡುಗು, ಹಿಮ ಕಾರಣವಾದರೆ ಎರಡೂ ಇಲ್ಲ. ಬೇಸಿಗೆಯಲ್ಲಿ ಶಿಕಾಗೊ, ಡಲ್ಲಾಸ್, ಅಟ್ಲಾಂಟ, ನ್ಯೂಯಾರ್ಕ್ ಕಡೆ ಗುಡುಗು-ಮಳೆ ಹೆಚ್ಚಾಗಿ ಮಧ್ಯಾಹ್ನ ಮೂರರ ಮೇಲೆ. ಆದ್ದರಿಂದ ದೇಶದೊಳಗಿನ ಓಡಾಟಕ್ಕೆ ಬೆಳಗಿನ ಮೊದಲ ವಿಮಾನವೇ ಒಳ್ಳೆಯದು. ವಿಮಾನ ಹಿಂದಿನ ರಾತ್ರಿಯೇ ಬಂದು ನಿಂತಿರುತ್ತದೆ, ರದ್ದಾದರೂ ಇಡೀ ಹಗಲು ನಿಮ್ಮ ಕೈಯಲ್ಲಿರುತ್ತದೆ.

ಕೆಟ್ಟ ತೀರ್ಮಾನಗಳೆಲ್ಲ ಖಾಲಿ ಹೊಟ್ಟೆಯಲ್ಲೇ ಆಗುತ್ತವೆ. ಅದಕ್ಕೇ ಊಟದ ವಿಷಯವನ್ನು ಟಿಕೆಟ್ಟಿನಷ್ಟೇ ಗಟ್ಟಿಯಾಗಿ ಹೇಳಬೇಕು.

ವಿಮಾನದ ಊಟದಲ್ಲಿ 'ಹಿಂದೂ ಮೀಲ್' ಎಂದು ಒತ್ತಬೇಡಿ, ಅದರಲ್ಲಿ ಕೋಳಿಯೋ ಕುರಿಯೋ ಮೀನೋ ಇರಬಹುದು. ದನ, ಹಂದಿ ಇರುವುದಿಲ್ಲ, ಅಷ್ಟೇ. ಸಸ್ಯಾಹಾರಿಗಳು ಕೇಳಬೇಕಾದ್ದು ಎವಿಎಂಎಲ್, ಏಷ್ಯನ್ ವೆಜಿಟೇರಿಯನ್. ಜೈನ ಊಟಕ್ಕೆ ವಿಜೆಎಂಎಲ್. ಹೊರಡುವ 24 ಗಂಟೆ ಮುಂಚೆ ಹೇಳಿರಬೇಕು. ವಿಮಾನ ಬದಲಾದರೆ ಈ ಕೋರಿಕೆ ಹೊಸ ವಿಮಾನಕ್ಕೆ ತಾನಾಗಿ ಬರುತ್ತದೆಂಬ ಭರವಸೆಯಿಲ್ಲ, ರೀಬುಕ್ ಮಾಡುವವರಿಗೆ ಅದನ್ನೂ ಹೇಳಿ. ಅಮೆರಿಕದೊಳಗಿನ ವಿಮಾನಗಳ ಇಕಾನಮಿಯಲ್ಲಿ ಊಟವೇ ಇರುವುದಿಲ್ಲ, ಒಂದು ಹಿಡಿ ಪ್ರೆಟ್ಜೆಲ್ ಕೊಟ್ಟಾರು. ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕು. ಔಷಧಿ ಪೂರ್ತಿ ಕೈಚೀಲದಲ್ಲೇ ಇರಲಿ, ಡಾಕ್ಟರ ಚೀಟಿಯ ಜೊತೆ.

ಕೈಚೀಲದಲ್ಲಿ ಒಬ್ಬೊಬ್ಬರಿಗೆ ಕಾಲು ಕಿಲೋ ಕೋಡುಬಳೆ-ನಿಪ್ಪಟ್ಟು, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಎರಡು ಕಪ್ಪು, ಒಂದು ಖಾಲಿ ನೀರಿನ ಬಾಟಲಿ. ಇಷ್ಟಿದ್ದರೆ ಒಂದು ರಾತ್ರಿ ಕಳೆಯಬಹುದು. ಕಾಫಿ ಅಂಗಡಿಯಲ್ಲಿ ಬಿಸಿನೀರು ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಉಪ್ಪಿನಕಾಯಿ, ಮೊಸರನ್ನ 100 ಮಿಲಿಯ ನಿಯಮಕ್ಕೆ ಸಿಕ್ಕಿಬೀಳುತ್ತವೆ. ಚಟ್ನಿಪುಡಿ, ಹುರಿಹಿಟ್ಟು 350 ಮಿಲಿ ಅಳತೆಗಿಂತ ಹೆಚ್ಚಿದ್ದರೆ ಅಮೆರಿಕದ ವಿಮಾನ ಹತ್ತುವಾಗ ತಡೆಯಬಹುದು. ಅವೆರಡೂ ಚೆಕ್-ಇನ್ ಸೂಟ್‌ಕೇಸಿಗೆ.

ಆ ಸೂಟ್‌ಕೇಸಿನಲ್ಲಿ ಅಕ್ಕಿ ಬೇಡ. ಖಾಪ್ರಾ ಎಂಬ ಧಾನ್ಯದ ಹುಳುವಿನ ಭಯಕ್ಕೆ ಭಾರತದ ಅಕ್ಕಿಯನ್ನು ಪ್ರಯಾಣಿಕರ ಲಗೇಜಿನಲ್ಲಿ ಬಿಡುವುದಿಲ್ಲ. ಕರಿಬೇವೂ ಬೇಡ. ಅದು ನಿಂಬೆ-ಕಿತ್ತಳೆಯ ಕುಟುಂಬಕ್ಕೆ ಸೇರಿದ್ದು, ಕಿತ್ತಳೆ ತೋಟಗಳನ್ನು ಹಾಳುಮಾಡುವ ಗ್ರೀನಿಂಗ್ ರೋಗ ಹರಡುವ ಕೀಟ ಅದರ ಮೇಲೂ ಬದುಕುತ್ತದೆ. ಮಾಂಸದ ಪದಾರ್ಥ, ಹಸಿ ಹಣ್ಣು-ತರಕಾರಿ ಬೇಡ, ವಿಮಾನದಲ್ಲೇ ಕೊಟ್ಟ ಸೇಬನ್ನೂ ಇಳಿಯುವ ಮುನ್ನ ತಿಂದು ಮುಗಿಸಿ. ಉಳಿದ ತಿಂಡಿ ಏನೇ ಇರಲಿ, "ಫುಡ್ ಇದೆ" ಎಂದು ಮೊದಲೇ ಹೇಳಿಬಿಡಿ. ಹೇಳಿದ ಪದಾರ್ಥ ಬೇಡವಾದರೆ ಅವರು ತೆಗೆದಿಟ್ಟುಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ನೂರಾರು ಡಾಲರಿನಿಂದ ಶುರುವಾಗುತ್ತದೆ. ಅಮ್ಮಂದಿರು ಹೆದರಿ "ಏನೂ ಇಲ್ಲ" ಎಂದುಬಿಡುತ್ತಾರೆ, ಹೊರಡುವ ಮೊದಲೇ ಧೈರ್ಯ ಹೇಳಿ ಕಳಿಸಿ.

ಹೊರಗೆ ತಿನ್ನುವಾಗ 'ವೆಜಿಟೇರಿಯನ್ನಾ?' ಎಂಬ ಪ್ರಶ್ನೆ ಅಲ್ಲಿ ಸಾಲದು. ತರಕಾರಿ ಸೂಪಿನ ನೀರೇ ಕೋಳಿಯ ಸಾರಾಗಿರಬಹುದು, ಮೆಕ್ಸಿಕನ್ ಹೋಟೆಲಿನ ಕೆಂಪನ್ನವೂ ಹಾಗೇ. ರೀಫ್ರೈಡ್ ಬೀನ್ಸ್‌ಗೆ ಹಂದಿಯ ಕೊಬ್ಬು ಹಾಕುವವರಿದ್ದಾರೆ. ಸೀಸರ್ ಸಲಾಡಿನ ಡ್ರೆಸಿಂಗ್‌ನಲ್ಲಿ ಮೀನಿರುತ್ತದೆ. ಮೆಕ್‌ಡೊನಾಲ್ಡ್ಸ್‌ನ ಫ್ರೆಂಚ್ ಫ್ರೈಸ್‌ಗೆ ಅಮೆರಿಕದಲ್ಲಿ ಬೀಫ್ ಫ್ಲೇವರ್ ಸೇರಿಸುತ್ತಾರೆ, ಕಂಪನಿಯೇ ಪದಾರ್ಥಗಳ ಪಟ್ಟಿಯಲ್ಲಿ ಅದನ್ನು ಬರೆದಿದೆ. "ನೋ ಮೀಟ್, ನೋ ಚಿಕನ್, ನೋ ಫಿಶ್, ನೋ ಬ್ರಾತ್" ಎಂದು ನಾಲ್ಕನ್ನೂ ಬಿಡಿಸಿ ಕೇಳಿ, ಬ್ರಾತ್ ಎಂದರೆ ಮಾಂಸ ಬೇಯಿಸಿದ ನೀರು. ಸುಲಭದ ದಾರಿ ಚಿಪೋಟ್ಲೆ ಎಂಬ ಮೆಕ್ಸಿಕನ್ ಊಟದ ಹೋಟೆಲ್ ಸರಣಿ: ಅನ್ನ, ಕಪ್ಪು ಬೀನ್ಸ್ ಅಥವಾ ಪಿಂಟೊ ಬೀನ್ಸ್, ಹುರಿದ ತರಕಾರಿ, ಸಾಲ್ಸ ಹಾಕಿಸಿಕೊಂಡ ಒಂದು ಬೌಲ್ ಇಬ್ಬರು ಹಿರಿಯರಿಗೆ ಸಾಕು. ಮಾಂಸ ಹಾಕಿಸಿಕೊಳ್ಳದವರಿಗೆ ಗ್ವಾಕಮೋಲೆಗೆ (ಬೆಣ್ಣೆಹಣ್ಣಿನ ಚಟ್ನಿ) ಬೇರೆ ದುಡ್ಡಿಲ್ಲ. ಟ್ಯಾಕೊ ಬೆಲ್‌ನಲ್ಲಿ ಮಾಂಸದ ಬದಲು ಬೀನ್ಸ್ ಹಾಕಿ ಎಂದರೆ ಹಾಕಿಕೊಡುತ್ತಾರೆ. ಸಂಜೆ ವಿಮಾನ ತಡ ಎಂದು ಬೋರ್ಡಿನಲ್ಲಿ ಕಂಡ ತಕ್ಷಣ ಹೋಗಿ ಕಟ್ಟಿಸಿಕೊಳ್ಳಿ. ರಾತ್ರಿ ಒಂಬತ್ತು ದಾಟಿದರೆ ಏರ್‌ಪೋರ್ಟಿನ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ.

ನಾಲ್ಕು ದಿನಕ್ಕಿಂತ ಹೆಚ್ಚು ಒಂದೇ ಊರಿನಲ್ಲಿದ್ದರೆ ರೆಸಿಡೆನ್ಸ್ ಇನ್‌ನಂಥ, ಅಡುಗೆಮನೆಯಿರುವ ಹೋಟೆಲ್ ಹಿಡಿಯಿರಿ. ನಮ್ಮ ಕುಕ್ಕರ್, ಕೆಟಲ್ ಒಯ್ಯುವುದು ವ್ಯರ್ಥ. ಅಲ್ಲಿ ಕರೆಂಟು 120 ವೋಲ್ಟ್, ನಮ್ಮ 230 ವೋಲ್ಟಿನ 1500 ವ್ಯಾಟ್ ಕೆಟಲ್ಲು ಅಲ್ಲಿ 400 ವ್ಯಾಟಿನಷ್ಟು ಮಾತ್ರ ಕಾಯುತ್ತದೆ, ಅಡಾಪ್ಟರ್ ಪಿನ್ನನ್ನು ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ. ಪುಟ್ಟ ರೈಸ್ ಕುಕ್ಕರ್ ಅಲ್ಲೇ ಕೊಳ್ಳಿ. ಅಕ್ಕಿ, ಬೇಳೆ, ಕರಿಬೇವು ಶಿಕಾಗೊದ ಡೆವನ್ ಅವೆನ್ಯೂದಲ್ಲೋ ನ್ಯೂಜೆರ್ಸಿಯ ಓಕ್ ಟ್ರೀ ರೋಡಿನಲ್ಲೋ ಇರುವ ಭಾರತೀಯ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತವೆ.

ಕಡೆಯದಾಗಿ, ಮಗನ ಕಾರಿನಲ್ಲೇ ಶಿಕಾಗೊಗೆ ಬಂದು ವಿಮಾನ ಹತ್ತುವುದು ಎಂದು ಮೊದಲೇ ತೀರ್ಮಾನಿಸಿದ್ದರೆ ಟಿಕೆಟ್ ಮಾಡಿಸುವಾಗಲೇ ಹೇಳಿ, ರಿಟರ್ನ್ ಶಿಕಾಗೊದಿಂದಲೇ ಮಾಡಿಸಬಹುದು. ದಾರಿ ಸುಮಾರು 290 ಕಿಲೋಮೀಟರ್. ಇಂಡಿಯಾನಾಪೊಲಿಸ್ ಗಡಿಯಾರ ಶಿಕಾಗೊಗಿಂತ ಒಂದು ಗಂಟೆ ಮುಂದಿದೆ, ಶಿಕಾಗೊ ಕಡೆ ಹೋಗುವಾಗ ಆ ಒಂದು ಗಂಟೆ ಉಳಿಯುತ್ತದೆ. ಅದನ್ನು ಡೆವನ್ ಅವೆನ್ಯೂದಲ್ಲಿ ಕೂತು ಊಟ ಮಾಡಲು ಇಟ್ಟುಕೊಳ್ಳಿ, ವಿಮಾನ ಹೊರಡುವ ನಾಲ್ಕು ಗಂಟೆ ಮುಂಚೆ ಟರ್ಮಿನಲ್‌ನಲ್ಲಿರಿ.