ಸೂರತ್ ಪ್ಲೇಗ್, 1994: ಸಾಂಕ್ರಾಮಿಕದ ನಷ್ಟವನ್ನು ಎರಡು ಬಾರಿ ಎಣಿಸದಿರುವುದು ಹೇಗೆ

ಆರೋಗ್ಯ ಅರ್ಥಶಾಸ್ತ್ರದಲ್ಲಿ ಸಾಂಕ್ರಾಮಿಕ ರೋಗದ ವೆಚ್ಚವನ್ನು ವಿವರಿಸುವಾಗ 1994ರ ಸೂರತ್ ಪ್ಲೇಗನ್ನು ಉದಾಹರಣೆಯಾಗಿ ತೆಗೆದುಕೊಳ್ಳುವುದು ಒಳ್ಳೆಯದು. ಅಲ್ಲಿ ರೋಗ ತಂದ ಸಾವುಗಳಿಗೂ ಒಟ್ಟು ನಷ್ಟಕ್ಕೂ ನಡುವೆ ಇದ್ದ ಅಂತರ ಬಹಳ ದೊಡ್ಡದು. ದೇಶದಾದ್ಯಂತ ದಾಖಲಾದ ಶಂಕಿತ ಪ್ರಕರಣಗಳು 693, ಸಾವುಗಳು 56. ಆರ್ಥಿಕ ನಷ್ಟದ ಅಂದಾಜುಗಳು ಮಾತ್ರ ನೂರು ಕೋಟಿ ಡಾಲರ್‌ಗಳನ್ನೂ ಮೀರಿದವು.

ನೇರ ವೆಚ್ಚ

ಈ ಭಾಗ ಸುಲಭ. ಆಸ್ಪತ್ರೆಯ ಹಾಸಿಗೆ, ಟೆಟ್ರಾಸೈಕ್ಲಿನ್ ಮಾತ್ರೆ, ಕೀಟನಾಶಕ ಸಿಂಪಡಣೆ, ಕಸ ತೆಗೆಸಿದ ಖರ್ಚು, ರೋಗಿಗಳು ಓಡಿಹೋಗದಂತೆ ಆಸ್ಪತ್ರೆಯ ಸುತ್ತ ನಿಲ್ಲಿಸಿದ ಪಡೆಯ ಖರ್ಚು, ಎಲ್ಲವೂ ಇದರೊಳಗೆ ಬರುತ್ತವೆ. ಇವುಗಳಲ್ಲಿ ಹೆಚ್ಚಿನವು ಸರ್ಕಾರದ ಅಥವಾ ನಗರಪಾಲಿಕೆಯ ಲೆಕ್ಕದ ಪುಸ್ತಕದಲ್ಲೇ ಸಿಗುತ್ತವೆ.

ಪರೋಕ್ಷ ನಷ್ಟ ಮತ್ತು ಇಮ್ಮಡಿ ಎಣಿಕೆ

ಸೆಪ್ಟೆಂಬರ್ ಕೊನೆಯಲ್ಲಿ ವೇಡ್ ರಸ್ತೆಯ ಸುತ್ತಲಿನ ಬಡಾವಣೆಗಳಿಂದ ಸಾವಿನ ಸುದ್ದಿ ಹರಡಿದ ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ರೈಲು, ಬಸ್ಸು ಹಿಡಿದು ಸೂರತ್ ಬಿಟ್ಟರು. ವಿದ್ಯುತ್ ಮಗ್ಗಗಳೂ ವಜ್ರ ಹೊಳಪಿಸುವ ಘಟಕಗಳೂ ನಿಂತವು. ಈಗ ಪ್ರಶ್ನೆ: ಕಾರ್ಮಿಕ ಕಳೆದುಕೊಂಡ ಕೂಲಿ, ಮಾಲೀಕ ಕಳೆದುಕೊಂಡ ಉತ್ಪಾದನೆ, ಇವೆರಡನ್ನೂ ಕೂಡಿಸಬಹುದೇ? ಕೂಡಿಸಬಾರದು. ಏಕೆಂಬುದನ್ನು ಒಂದು ಕಾಲ್ಪನಿಕ ಮಗ್ಗದ ಘಟಕದಲ್ಲಿ ನೋಡೋಣ.

ಆ ಘಟಕ ದಿನಕ್ಕೆ 10,000 ರೂಪಾಯಿಯ ಬಟ್ಟೆ ನೇಯುತ್ತದೆ ಎಂದಿಟ್ಟುಕೊಳ್ಳಿ. ಅದರಲ್ಲಿ ನೂಲಿಗೆ 6,500, ವಿದ್ಯುತ್ತಿಗೆ 500, ಕೂಲಿಗೆ 2,000 ಹೋಗಿ, ಬಾಡಿಗೆ, ಬಡ್ಡಿ, ಲಾಭ ಎಲ್ಲಾ ಸೇರಿ ಮಾಲೀಕನ ಪಾಲಿಗೆ 1,000 ಉಳಿಯುತ್ತದೆ. ಘಟಕ 10 ದಿನ ಮುಚ್ಚಿತು. ಬಟ್ಟೆಯ ನಷ್ಟ 1,00,000, ಕೂಲಿಯ ನಷ್ಟ 20,000, ಒಟ್ಟು 1,20,000 ಎಂದು ಬರೆದರೆ ಎರಡು ಕಡೆ ತಪ್ಪುತ್ತದೆ. ಮೊದಲನೆಯದಾಗಿ, ನೇಯದೆ ಉಳಿದ 65,000 ರೂಪಾಯಿಯ ನೂಲು ಗೋದಾಮಿನಲ್ಲೇ ಇದೆ, 5,000 ರೂಪಾಯಿಯ ವಿದ್ಯುತ್ತೂ ಖರ್ಚಾಗಿಲ್ಲ. ಆದ್ದರಿಂದ ಕಳೆದುಹೋದದ್ದು ಬಟ್ಟೆಯ ಪೂರ್ತಿ ಬೆಲೆಯಲ್ಲ, ಆ ಘಟಕ ನೂಲಿಗೆ ಸೇರಿಸುತ್ತಿದ್ದ ಮೌಲ್ಯ, ಅಂದರೆ 30,000 ಮಾತ್ರ. ಎರಡನೆಯದಾಗಿ, ಕೂಲಿಯ 20,000 ಈ ಮೂವತ್ತು ಸಾವಿರದ ಒಳಗೇ ಇದೆ. ಅದನ್ನು ಹೊರಗಿನಿಂದ ತಂದು ಮತ್ತೆ ಕೂಡಿಸುವುದೆಂದರೆ ಒಂದೇ ನಷ್ಟವನ್ನು ಎರಡು ಬಾರಿ ಎಣಿಸಿದಂತೆ. ನೂಲಿನ ವ್ಯಾಪಾರಿಗೆ ಮಾರಾಟ ಕಡಿಮೆಯಾಗಿದ್ದರೆ ಅವನ ಸೇರ್ಪಡೆ ಮೌಲ್ಯದ ನಷ್ಟವನ್ನು ಅವನ ಸಾಲಿನಲ್ಲಿ ಬೇರೆಯಾಗಿ ತೋರಿಸಬೇಕೇ ಹೊರತು ಬಟ್ಟೆಯ ಬೆಲೆಯ ಮೂಲಕ ಒಳಗೆ ತರಬಾರದು.

ನಾನು ಬಳಸುವ ಅಡ್ಡದಾರಿ ಇಷ್ಟೇ: ಪ್ರತಿ ನಷ್ಟದ ಮುಂದೆ ‘ಇದು ಯಾರ ಆದಾಯ?’ ಎಂದು ಬರೆದುಕೊಳ್ಳುವುದು. ಒಂದು ಆದಾಯಕ್ಕೆ ಒಂದೇ ಹೆಸರು ಬಂದರೆ ಲೆಕ್ಕ ಸರಿ. ಎರಡು ಹೆಸರು ಬಂದರೆ ಯಾವುದೋ ಒಂದನ್ನು ಹೊಡೆದುಹಾಕಬೇಕು.

ಇದೇ ಪ್ರಶ್ನೆ ಪರಿಹಾರಧನದ ಗೊಂದಲವನ್ನೂ ಬಿಡಿಸುತ್ತದೆ. ಸರ್ಕಾರ ಆ ಕಾರ್ಮಿಕರಿಗೆ 8,000 ರೂಪಾಯಿ ಕೊಟ್ಟಿತೆನ್ನಿ. ಬೊಕ್ಕಸದ ದೃಷ್ಟಿಯಿಂದ ಅದು ಖರ್ಚೇ, ಬಜೆಟ್ಟಿನಲ್ಲಿ ಕಾಣಲೇಬೇಕು. ಸಮಾಜದ ಒಟ್ಟು ಲೆಕ್ಕದಲ್ಲಿ ಮಾತ್ರ ಅದು ತೆರಿಗೆ ಕೊಟ್ಟವರ ಕೈಯಿಂದ ಕಾರ್ಮಿಕರ ಕೈಗೆ ನಡೆದ ವರ್ಗಾವಣೆ. ನಷ್ಟ 38,000 ಆಗುವುದಿಲ್ಲ, 22,000ಕ್ಕೆ ಇಳಿಯುವುದೂ ಇಲ್ಲ. ಆದ್ದರಿಂದ ಪ್ರಶ್ನೆಪತ್ರಿಕೆಯಲ್ಲಿ ‘ಸಾರ್ವಜನಿಕ ವೆಚ್ಚ’ ಎಂದಿದೆಯೋ ‘ಸಾಮಾಜಿಕ ವೆಚ್ಚ’ ಎಂದಿದೆಯೋ ಎಂಬುದನ್ನು ಮೊದಲು ಓದಿಕೊಳ್ಳಬೇಕು.

ಮುಂದೂಡಿದ ಕೆಲಸ

ಹೊಳಪಿಸದ ವಜ್ರ ಮುಂದಿನ ತಿಂಗಳಿಗೂ ವಜ್ರವೇ. ಹೆಚ್ಚುವರಿ ಪಾಳಿಯಲ್ಲಿ ಕೆಲಸ ತೀರಿಸಿದರೆ ನಷ್ಟದ ಒಂದು ಭಾಗ ವಾಪಸು ಬರುತ್ತದೆ. ಖಾಲಿ ಉಳಿದ ಹೋಟೆಲ್ ಕೋಣೆಯ ಆ ರಾತ್ರಿ ವಾಪಸು ಬರುವುದಿಲ್ಲ. ಗಲ್ಫ್‌ನ ಕೆಲವು ದೇಶಗಳು ಭಾರತದ ವಿಮಾನಗಳನ್ನು ನಿಲ್ಲಿಸಿದ್ದರಿಂದ ರೋಗ ಸುಳಿಯದ ಊರುಗಳ ಪ್ರವಾಸೋದ್ಯಮಕ್ಕೂ ಏಟು ಬಿತ್ತು. ಇದು ರೋಗದ ವೆಚ್ಚ ಎನ್ನುವುದಕ್ಕಿಂತ ಭಯದ ವೆಚ್ಚ.

ಸಾಮಾಜಿಕ ಪರಿಣಾಮ

ಮೇಲಿನ 30,000 ರೂಪಾಯಿಯಲ್ಲಿ ಮೂರನೇ ಎರಡು ಪಾಲು ಕಾರ್ಮಿಕರ ತಲೆಯ ಮೇಲೆ ಬಿದ್ದಿದೆ. ಮಾಲೀಕ ಆ ಹತ್ತು ದಿನವೂ ಕೂಲಿ ಕೊಟ್ಟಿದ್ದರೆ ಒಟ್ಟು ಮೊತ್ತ ಅಷ್ಟೇ ಇರುತ್ತಿತ್ತು, ಹೊರುವವರು ಮಾತ್ರ ಬದಲಾಗುತ್ತಿದ್ದರು. ಸೂರತ್‌ನ ಮಗ್ಗಗಳಲ್ಲಿ ಒಡಿಶಾದ ಗಂಜಾಂ ಮೊದಲಾದ ದೂರದ ಜಿಲ್ಲೆಗಳಿಂದ ಬಂದವರು ಬಹಳ. ನೇಯ್ದಷ್ಟಕ್ಕೆ ಕೂಲಿ ಪಡೆಯುವವರಿಗೆ ಮಗ್ಗ ನಿಂತ ದಿನ ಕೂಲಿಯೂ ಇಲ್ಲ. ಅದರ ಮೇಲೆ ಊರಿಗೆ ಹೋಗಿಬರುವ ಟಿಕೆಟ್ಟಿನ ದುಡ್ಡು ಬೇರೆ. ಖಾಸಗಿ ವೈದ್ಯರಲ್ಲಿ ಅನೇಕರು ನಗರ ಬಿಟ್ಟುಹೋದದ್ದರಿಂದ ಸಾಮಾನ್ಯ ಜ್ವರಕ್ಕೂ ಜನ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತರು. ಪಠ್ಯಗಳು ಒಟ್ಟು ಮೊತ್ತಕ್ಕೆ ಕೊಡುವ ಜಾಗವನ್ನು ಈ ಹಂಚಿಕೆಗೆ ಕೊಡುವುದಿಲ್ಲ ಎಂಬುದು ನನ್ನ ತಕರಾರು.

1995ರಲ್ಲಿ ನಗರಪಾಲಿಕೆಯ ಆಯುಕ್ತರಾಗಿ ಬಂದ ಎಸ್.ಆರ್. ರಾವ್ ಅವರ ಕಾಲದಲ್ಲಿ ಕಸ ವಿಲೇವಾರಿಗೂ ಬೀದಿ ಶುಚಿಗೂ ಆದ ಖರ್ಚನ್ನು ಕೆಲವರು ಪ್ಲೇಗಿನ ವೆಚ್ಚಕ್ಕೇ ಸೇರಿಸುತ್ತಾರೆ. ಅದರ ಫಲ ಮುಂದಿನ ಅನೇಕ ವರ್ಷಗಳಿಗೆ, ಮಲೇರಿಯಾದಂಥ ಇತರ ರೋಗಗಳಿಗೂ ಹರಡಿಕೊಂಡಿರುವುದರಿಂದ ಅದನ್ನು ಬಂಡವಾಳ ವೆಚ್ಚವೆಂದು ಪ್ರತ್ಯೇಕ ಶೀರ್ಷಿಕೆಯಲ್ಲಿ ಬರೆಯುವುದೇ ಸರಿ.