ಉಪ್ಪುನೀರು ಕುಡಿಯುವ ಎಂಜಿನ್

ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಯಾಂತ್ರೀಕೃತ ಮೀನುಗಾರಿಕಾ ದೋಣಿಗಳು ದಕ್ಕೆ ಬಿಟ್ಟು ಕದಲುವಂತಿಲ್ಲ. ಆ 61 ದಿನ ಕಡಲಿಗಿಳಿಯಲು ಅವಕಾಶ ಇರುವುದು ಸಾಂಪ್ರದಾಯಿಕ ದೋಣಿಗಳಿಗೆ ಮತ್ತು 10 ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿಕೊಂಡ ನಾಡದೋಣಿಗಳಿಗೆ. ಹಾಗಾಗಿ 8 ಅಥವಾ 9.9 ಅಶ್ವಶಕ್ತಿಯ, ಎರಡು ಸಿಲಿಂಡರಿನ, ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ, ಹಗ್ಗ ಎಳೆದು ಚಾಲೂ ಮಾಡುವ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ನಿಗೆ ನಮ್ಮ ಕರಾವಳಿಯಲ್ಲಿ ಇರುವ ಬೆಲೆ ಅದರ ಗಾತ್ರಕ್ಕಿಂತ ದೊಡ್ಡದು. ಹದಿನೈದು ಇಪ್ಪತ್ತು ವರ್ಷ ದುಡಿದು, ಬಣ್ಣ ಹೋಗಿ, ಹುಡ್ಡಿಗೆ ಹಗ್ಗ ಬಿಗಿದ ಸ್ಥಿತಿಯಲ್ಲೂ ಓಡುವ ಎಂಜಿನ್ನುಗಳಿವೆ. ಮೂರೇ ವರ್ಷಕ್ಕೆ ಗುಜರಿಗೆ ಹೋದವೂ ಇವೆ.

ಪಿಸ್ಟನ್ ಸವೆದು ಸಾಯುವ ಔಟ್‌ಬೋರ್ಡ್ ಅಪರೂಪ. ಹೆಚ್ಚಿನವು ಸಾಯುವುದು ನೀರು ಎಲ್ಲಿ ಹೋಗಬೇಕೋ ಅಲ್ಲಿ ಹೋಗದೆ, ಎಲ್ಲಿ ಹೋಗಬಾರದೋ ಅಲ್ಲಿ ಹೋಗಿದ್ದರಿಂದ. ಹಳೆಯ ಎಂಜಿನ್ನನ್ನು ಕೈಗೆತ್ತಿಕೊಂಡವರು ಕಾರ್ಬ್ಯುರೇಟರ್ ಬಿಚ್ಚುವ ಮೊದಲು ನೀರಿನ ದಾರಿಯನ್ನು ನೋಡಬೇಕು.

ಕಾರಿನ ಎಂಜಿನ್ ಒಂದೇ ನೀರನ್ನು ಸುತ್ತಿಸಿ ಸುತ್ತಿಸಿ ತಂಪಾಗುತ್ತದೆ. ಔಟ್‌ಬೋರ್ಡ್ ಹಾಗಲ್ಲ, ಕಡಲನ್ನೇ ಕುಡಿದು ಕಡಲಿಗೇ ಉಗುಳುತ್ತದೆ. ಗೇರ್‌ಬಾಕ್ಸಿನ ನೆತ್ತಿಯ ಮೇಲೆ ಒಂದು ಪುಟ್ಟ ಪಂಪು. ಅದರೊಳಗೆ ಐದಾರು ಎಸಳಿನ ರಬ್ಬರ್ ಹೂವಿನಂಥ ಇಂಪೆಲ್ಲರ್. ಎಂಜಿನ್ನಿನಿಂದ ಕೆಳಗಿಳಿಯುವ ಡ್ರೈವ್ ಶಾಫ್ಟೇ ಅದನ್ನು ತಿರುಗಿಸುತ್ತದೆ. ಇಂಪೆಲ್ಲರ್ ಕೂರುವ ಗೂಡಿನ ನಡುವೆ ಶಾಫ್ಟ್ ಇಲ್ಲ, ತುಸು ಪಕ್ಕಕ್ಕಿದೆ. ಎಸಳುಗಳು ಒಂದು ಬದಿಯಲ್ಲಿ ಬಾಗಿ ಇನ್ನೊಂದು ಬದಿಯಲ್ಲಿ ಬಿಡಿಸಿಕೊಳ್ಳುವಾಗ ನೀರು ಸೆಳೆದು ಮೇಲಕ್ಕೆ ತಳ್ಳಲ್ಪಡುತ್ತದೆ. ವೇಗ ಹೆಚ್ಚಿದಾಗ ನೀರಿನ ಒತ್ತಡಕ್ಕೆ ಎಸಳುಗಳು ಗೋಡೆ ಬಿಟ್ಟು ಒಳಕ್ಕೆ ಬಾಗುತ್ತವೆ, ಆಗ ಅದೇ ಪಂಪು ನೀರನ್ನು ಸುಳಿಸಿ ಎಸೆಯುವ ಪಂಪಾಗುತ್ತದೆ. ಹಳೆಯ ಇಂಪೆಲ್ಲರಿನ ಎಂಜಿನ್ ಜೋರಾಗಿ ಓಡುವಾಗ ತಂಪಾಗಿದ್ದು, ಬಲೆ ಎಳೆಯುತ್ತ ನಿಧಾನ ಮಾಡಿದಾಗ ಬಿಸಿಯೇರುವುದು ಈ ಕಾರಣಕ್ಕೆ. ರಬ್ಬರು ಗಟ್ಟಿಯಾಗಿ ಎಸಳು ಗೋಡೆಗೆ ಒತ್ತಿಕೊಳ್ಳದಿದ್ದರೆ ಮೊದಲು ಕೈಕೊಡುವುದು ನಿಧಾನ ಓಟ.

ಹುಡ್ಡಿನ ಕೆಳಗಿನಿಂದ ಚಿಮ್ಮುವ ಸಣ್ಣ ನೀರಿನ ಎಳೆ ಪಂಪಿನ ಆರೋಗ್ಯದ ಗುರುತು. ಅದು ಸಣ್ಣಗಾದರೆ ಎಂಜಿನ್ ಆರಿಸಿ, ಮೊದಲು ಆ ತೂತಿಗೇ ದಪ್ಪ ನೈಲಾನ್ ಬಲೆದಾರ ತೂರಿಸಿ ನೋಡಿ. ಮುಕ್ಕಾಲು ಪಾಲು ಅಲ್ಲೇ ಒಂದು ಮರಳಿನ ಕಾಳು ಇರುತ್ತದೆ. ಅಲ್ಲಿಲ್ಲವಾದರೆ ಕೆಳಗೆ ನೀರು ಹೀರುವ ಜಾಲರಿಗೆ ಪ್ಲಾಸ್ಟಿಕ್ ಚೀಲ ಅಂಟಿದೆಯೇ ನೋಡಿ. ಎರಡೂ ಸರಿಯಿದ್ದರೆ ಪಂಪು ಬಿಚ್ಚುವುದೇ ದಾರಿ.

ಬಿಚ್ಚುವ ಮೊದಲು ಸ್ಪಾರ್ಕ್ ಪ್ಲಗ್ಗುಗಳ ಕ್ಯಾಪ್ ಕಿತ್ತಿಡಿ. ಪ್ರೊಪೆಲ್ಲರ್ ತಿರುಗಿಸುವಾಗ ಎಂಜಿನ್ ಅಕಸ್ಮಾತ್ ಹತ್ತಿಕೊಂಡರೆ ಬೆರಳು ಹೋಗುತ್ತದೆ. ಗೇರ್ ಬದಲಿಸುವ ಸರಳಿನ ಜೋಡಣೆಗೆ, ಸಡಿಲಿಸುವ ಮೊದಲೇ ಬಣ್ಣದಿಂದ ಗುರುತು ಹಾಕಿ. ಇದನ್ನು ಮರೆತವರು ಜೋಡಿಸಿದ ಮೇಲೆ ಮುಂದಕ್ಕೂ ಹೋಗದ, ಹಿಂದಕ್ಕೂ ಹೋಗದ ದೋಣಿಯಲ್ಲಿ ಕೂರುತ್ತಾರೆ. ಬೋಲ್ಟುಗಳನ್ನು ತೆಗೆದರೆ ಗೇರ್‌ಬಾಕ್ಸ್ ಇಡಿಯಾಗಿ ಕೆಳಗಿಳಿಯುತ್ತದೆ. ಅಲ್ಯೂಮಿನಿಯಂ ಒಳಗೆ ಕುಳಿತ ಸ್ಟೀಲ್ ಬೋಲ್ಟು ಉಪ್ಪು ತಿಂದು ಕಚ್ಚಿಕೊಂಡಿರುವುದು ಮಾಮೂಲು. ಉದ್ದ ಪೈಪು ಸಿಕ್ಕಿಸಿ ತಿರುಗಿಸಿದರೆ ತಲೆ ಕೈಗೆ ಬರುತ್ತದೆ, ಉಳಿದದ್ದು ಒಳಗೇ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ, ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಸುತ್ತಲಿನ ಅಲ್ಯೂಮಿನಿಯಮ್ಮನ್ನು ಬಿಸಿ ಮಾಡಿ. ಅಲ್ಯೂಮಿನಿಯಂ ಸ್ಟೀಲಿಗಿಂತ ಹೆಚ್ಚೂಕಡಿಮೆ ಎರಡು ಪಟ್ಟು ಹಿಗ್ಗುವುದರಿಂದ ಹಿಡಿತ ಸಡಿಲುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ, ಆಮೇಲೆ ಸಡಿಲಿಸುವ ಕಡೆಗೆ. ಪೆಟ್ರೋಲ್ ಟ್ಯಾಂಕು ಮಾತ್ರ ಆ ಜಾಗದಿಂದ ದೂರ ಇರಲಿ.

ಪಂಪಿನೊಳಗೆ ಎಸಳು ಮುರಿದಿದ್ದರೆ ತುಂಡುಗಳನ್ನೆಲ್ಲ ಹುಡುಕಿ ಲೆಕ್ಕ ಹಾಕಿ. ಸಿಗದ ತುಂಡು ಮೇಲಿನ ನೀರಿನ ಕೊಳವೆಯಲ್ಲೋ ಬಿಸಿಯಾದಾಗ ತೆರೆದುಕೊಳ್ಳುವ ಕವಾಟವಾದ ಥರ್ಮೋಸ್ಟಾಟಿನ ಬಾಯಲ್ಲೋ ಕೂತಿರುತ್ತದೆ, ಹೊಸ ಇಂಪೆಲ್ಲರ್ ಹಾಕಿದರೂ ಎಂಜಿನ್ ಬಿಸಿಯಾಗುತ್ತದೆ. ಇಂಪೆಲ್ಲರಿನ ಜೊತೆಗೆ ಅದರ ಸ್ಟೀಲ್ ಬಟ್ಟಲು, ಕೆಳಗಿನ ತಗಡು ಎರಡನ್ನೂ ಬೆರಳಿಂದ ಸವರಿ ನೋಡಿ. ಉಗುರು ಸಿಕ್ಕುವಷ್ಟು ಗೀರಿದ್ದರೆ ಬದಲಿಸಿ. ಅಳಿವೆಯ ಮರಳು ತಿಟ್ಟು ದಾಟುವ ದೋಣಿಗಳಲ್ಲಿ ಈ ಗೀರು ಬೇಗ ಬೀಳುತ್ತದೆ. ಹೊಸದನ್ನು ಗ್ಲಿಸರಿನ್ ಅಥವಾ ಸೋಪಿನ ನೀರು ಸವರಿ, ಶಾಫ್ಟ್ ತಿರುಗುವ ದಿಕ್ಕಿಗೇ ತಿರುಗಿಸುತ್ತ ಕೂರಿಸಬೇಕು. ಸಾಮಾನ್ಯವಾಗಿ ಅದು ಮೇಲಿನಿಂದ ನೋಡಿದಾಗ ಗಡಿಯಾರದ ದಿಕ್ಕು. ಇಂಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವ ಪುಟ್ಟ ಕೀಲಿ ಜಾರಿ ಬೀಳದಂತೆ ಚೂರು ಗ್ರೀಸಿನಿಂದ ಅಂಟಿಸಿ. ಗೇರ್‌ಬಾಕ್ಸನ್ನು ಮೇಲೇರಿಸುವಾಗ ನೀರಿನ ಕೊಳವೆ ಪಂಪಿನ ರಬ್ಬರ್ ಬಾಯಿಗೆ ಸರಿಯಾಗಿ ಹೊಕ್ಕಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಶಾಫ್ಟಿನ ಹಲ್ಲುಗಳ ಬದಿಗೆ ಗ್ರೀಸ್ ಬೇಕು, ನೆತ್ತಿಗೆ ಬೇಡ. ನೆತ್ತಿಯ ಮೇಲಿನ ಗ್ರೀಸ್ ಸಿಕ್ಕಿಹಾಕಿಕೊಂಡು ಶಾಫ್ಟ್ ಪೂರ್ತಿ ಕೂರಲು ಬಿಡುವುದಿಲ್ಲ.

ಇಂಪೆಲ್ಲರನ್ನು ವರ್ಷಕ್ಕೊಮ್ಮೆ, ಮಳೆಗಾಲದ ಮೀನುಗಾರಿಕೆಗೆ ಮೊದಲು ಬದಲಿಸುವುದೇ ಜಾಣತನ. ನೀರಿಲ್ಲದೆ ಅರ್ಧ ನಿಮಿಷ ಓಡಿಸಿದರೂ ಅದು ಸುಟ್ಟುಹೋಗಬಹುದು. "ಸುಮ್ಮನೆ ಹತ್ತುತ್ತದಾ ನೋಡೋಣ" ಎಂದು ದಡದ ಮೇಲೆ ಹಗ್ಗ ಎಳೆದವರು ಹಾಳು ಮಾಡಿದ ಪಂಪುಗಳಿಗೆ ಲೆಕ್ಕವಿಲ್ಲ.

ನೀರು ಬಂದರಷ್ಟೇ ಸಾಲದು, ಉಪ್ಪು ಉಳಿಯಬಾರದು. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣ. ಅಡುಗೆ ಉಪ್ಪು ಬಿಸಿನೀರಿನಲ್ಲಿ ಚೆನ್ನಾಗಿಯೇ ಕರಗುತ್ತದೆ, ಆದರೆ ಕಡಲನೀರಿನ ಸುಣ್ಣದಂಶದ ನಡತೆ ತಲೆಕೆಳಗು: ಕ್ಯಾಲ್ಸಿಯಂ ಕಾರ್ಬೊನೇಟ್ ಬಿಸಿಯಾದಷ್ಟೂ ಕಡಿಮೆ ಕರಗಿ, ಸಿಲಿಂಡರಿನ ಸುತ್ತ ಅತಿ ಬಿಸಿ ಇರುವ ಕಡೆಯಲ್ಲೇ ಪದರ ಕಟ್ಟುತ್ತದೆ. ಈ ಪದರ ಶಾಖವನ್ನು ಹೊರಬಿಡದು, ಜಾಗ ಇನ್ನಷ್ಟು ಬಿಸಿಯಾಗಿ ಇನ್ನಷ್ಟು ಪದರ. ಕಾರಿನ ಎಂಜಿನ್ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಓಡಿದರೆ ಔಟ್‌ಬೋರ್ಡಿನ ಥರ್ಮೋಸ್ಟಾಟ್ 50-60 ಡಿಗ್ರಿಗೇ ಬಾಯಿ ತೆರೆಯುವುದರ ಹಿಂದೆ ಈ ಕಾರಣವೂ ಇದೆ. ಕಡಲಿಂದ ಬಂದ ಮೇಲೆ ಎಂಜಿನ್ನಿನ ಕಾಲನ್ನು, ಅಂದರೆ ನೀರಿನಲ್ಲಿ ಮುಳುಗುವ ಕೆಳಭಾಗವನ್ನು, ಸಿಹಿನೀರಿನ ಡ್ರಮ್ಮಿಗಿಳಿಸಿ, ಪ್ರೊಪೆಲ್ಲರ್ ಕಳಚಿ, ಅದರ ಮೇಲಿರುವ ಅಡ್ಡ ರೆಕ್ಕೆ ಮುಳುಗುವಷ್ಟು ನೀರು ತುಂಬಿ, ನ್ಯೂಟ್ರಲ್‌ನಲ್ಲಿ 10 ನಿಮಿಷ ನಿಧಾನಕ್ಕೆ ಓಡಿಸಿ. ಎರಡು ನಿಮಿಷ ಸಾಲದು, ಥರ್ಮೋಸ್ಟಾಟ್ ತೆರೆಯುವಷ್ಟು ಬಿಸಿಯಾದರೆ ಮಾತ್ರ ಸಿಹಿನೀರು ಮೇಲಿನವರೆಗೆ ತಲುಪುತ್ತದೆ.

ಕಾಲಿನ ಬಳಿ ಬೋಲ್ಟು ಹಾಕಿ ಕೂರಿಸಿದ ಬೂದು ಲೋಹದ ತುಂಡನ್ನು ಕಂಡಿರಬಹುದು. ಅದು ಸತುವಿನದೋ ವಿಶೇಷ ಅಲ್ಯೂಮಿನಿಯಂ ಮಿಶ್ರಲೋಹದ್ದೋ ಆನೋಡ್. ಎಂಜಿನ್ನಿನ ಲೋಹಗಳನ್ನು ಉಪ್ಪುನೀರು ತಿನ್ನಲು ಬಂದಾಗ ಇದು ತನ್ನನ್ನೇ ಮುಂದೊಡ್ಡುತ್ತದೆ. ಅರ್ಧ ಕರಗಿದಾಗ ಬದಲಿಸಬೇಕು. ಚೆಂದ ಕಾಣಲಿ ಎಂದು ಅದರ ಮೇಲೂ ಬಣ್ಣ ಬಳಿದರೆ ಅದು ಇದ್ದೂ ಇಲ್ಲದಂತೆ. ಹಲವು ವರ್ಷವಾದರೂ ಆನೋಡ್ ಹೊಸದರಂತೆಯೇ ಇದೆಯೆಂದರೆ ಸಂತೋಷಪಡಬೇಡಿ, ಬೋಲ್ಟಿನ ಕೆಳಗೆ ಲೋಹಕ್ಕೆ ಲೋಹ ತಾಗುತ್ತಿಲ್ಲ.

ನೀರು ಹೋಗಬಾರದ ಮೊದಲ ಜಾಗ ಗೇರ್‌ಬಾಕ್ಸ್. ಕೆಳಗಿನ ಸ್ಕ್ರೂ ಬಿಚ್ಚಿ, ಮೇಲಿನದನ್ನೂ ಬಿಚ್ಚಿ, ಎಣ್ಣೆ ಇಳಿಯಲು ಬಿಡಿ. ಹಾಲು ಬೆರೆಸಿದ ಚಹಾದ ಬಣ್ಣ ಬಂದರೆ ನೀರು ಸೇರಿದೆ. ಅಪರಾಧಿ ಬಹುಪಾಲು ಪ್ರೊಪೆಲ್ಲರ್ ಶಾಫ್ಟಿನ ಆಯಿಲ್ ಸೀಲ್, ಅದನ್ನು ಕತ್ತರಿಸಿದ್ದು ನಮ್ಮದೇ ಬಲೆಯ ನೈಲಾನ್ ದಾರ. ಶಾಫ್ಟಿಗೆ ಸುತ್ತಿಕೊಂಡ ದಾರ ಬಿಗಿಯುತ್ತ ಬಿಗಿಯುತ್ತ ಒಳಸರಿದು ರಬ್ಬರನ್ನು ಕೊಯ್ಯುತ್ತದೆ. ತಿಂಗಳಿಗೊಮ್ಮೆ ಪ್ರೊಪೆಲ್ಲರ್ ತೆಗೆದು ನೋಡುವ ಐದು ನಿಮಿಷ ಒಂದು ಜೊತೆ ಗೇರನ್ನು ಉಳಿಸುತ್ತದೆ. ಎಣ್ಣೆ ತುಂಬುವುದು ಕೆಳಗಿನ ತೂತಿನಿಂದ, ಮೇಲಿನಿಂದ ಗುಳ್ಳೆಯಿಲ್ಲದೆ ಎಣ್ಣೆ ಹೊರಬರುವವರೆಗೆ. ಮೇಲಿನಿಂದ ಸುರಿದರೆ ಗಾಳಿ ಒಳಗೇ ಉಳಿಯುತ್ತದೆ. ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಕೆಳಗಿನದು, ಎರಡಕ್ಕೂ ಹೊಸ ವಾಷರ್. ಈ ಗಾತ್ರದ ಎಂಜಿನ್ನುಗಳಿಗೆ ಬೇಕಾಗುವುದು ಅರ್ಧ ಲೀಟರಿಗಿಂತ ಕಡಿಮೆ. ಇನ್ನೂ ಹಳೆಯ ಮಾದರಿಗಳಲ್ಲಿ ಪ್ರೊಪೆಲ್ಲರ್ ಹಿಡಿದಿರುವುದು ಒಂದು ಮೆದು ಪಿನ್ನು. ಬಂಡೆಗೆ ಬಡಿದಾಗ ಅದು ತುಂಡಾಗಿ ಗೇರನ್ನು ಕಾಪಾಡುತ್ತದೆ. ಅದರ ಬದಲು ಗಟ್ಟಿ ಮೊಳೆ ಬಡಿದರೆ ಮುಂದಿನ ಬಾರಿ ತುಂಡಾಗುವುದು ಗೇರಿನ ಹಲ್ಲು.

ಇನ್ನು ಇಂಧನದ ವಿಷಯ. ನಮ್ಮ ನಾಡದೋಣಿಗಳಲ್ಲಿ ಹಲವು ಓಡುವುದು ಸೀಮೆಎಣ್ಣೆಯಲ್ಲಿ. ಪೆಟ್ರೋಲ್ ಮಾಮೂಲಿ ಹವೆಯಲ್ಲೇ ಆವಿಯಾಗುತ್ತದೆ, ಸೀಮೆಎಣ್ಣೆ ಕುದಿಯಲು ತೊಡಗುವುದೇ ಸುಮಾರು 150 ಡಿಗ್ರಿಯಲ್ಲಿ. ತಣ್ಣಗಿನ ಎಂಜಿನ್ನಿನಲ್ಲಿ ಅದು ಹನಿಯಾಗಿಯೇ ಉಳಿದು ಪ್ಲಗ್ಗನ್ನು ಒದ್ದೆ ಮಾಡುತ್ತದೆ. ಅದಕ್ಕೇ ಪೆಟ್ರೋಲಿನಲ್ಲಿ ಹತ್ತಿಸಿ, ನಾಲ್ಕೈದು ನಿಮಿಷ ಬಿಸಿಯಾದ ಮೇಲೆ ಇಂಧನದ ನಲ್ಲಿ ತಿರುಗಿಸಿ ಸೀಮೆಎಣ್ಣೆಗೆ ಹೋಗುವುದು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ಬಂದು ಕೆಲವು ನಿಮಿಷ ಓಡಿಸಬೇಕು ಎಂಬುದನ್ನು ದಡ ಕಂಡ ಖುಷಿಯಲ್ಲಿ ಮರೆಯುವವರೇ ಹೆಚ್ಚು. ಮರುದಿನ ಬೆಳಗ್ಗೆ ಇಪ್ಪತ್ತು ಸಲ ಹಗ್ಗ ಎಳೆಯುವ ಶಿಕ್ಷೆ ಆ ಮರೆವಿನದು. ಸೀಮೆಎಣ್ಣೆಯ ಆಕ್ಟೇನ್ ತೀರಾ ಕಡಿಮೆ, ಹೆಚ್ಚು ಒತ್ತಿದರೆ ಕಿಡಿಗೆ ಕಾಯದೆ ಸಿಡಿಯುತ್ತದೆ. ಸೀಮೆಎಣ್ಣೆ ಮಾದರಿಗಳಲ್ಲಿ ಕಂಪ್ರೆಶನ್ನನ್ನು ಇಳಿಸಿಯೇ ಮಾಡಿರುತ್ತಾರೆ. ಬರೀ ಪೆಟ್ರೋಲ್ ಮಾದರಿಗೆ ಸೀಮೆಎಣ್ಣೆ ಕುಡಿಸಿದರೆ ಪಿಸ್ಟನ್ನಿನ ನೆತ್ತಿಗೆ ತೂತು ಬೀಳಲು ಬಹಳ ದಿನ ಬೇಡ.

ಟೂ-ಸ್ಟ್ರೋಕ್ ಎಂಜಿನ್ನಿನ ಇಂಧನಕ್ಕೆ ಬೆರೆಸುವ ಆಯಿಲ್ 50:1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್, 25:1 ಎಂದಿದ್ದರೆ 40. ನಿಮ್ಮ ಮಾದರಿಗೆ ಯಾವುದು ಎಂಬುದು ಕೈಪಿಡಿಯಲ್ಲಿದೆ. ಸೀಮೆಎಣ್ಣೆಗೆ ಬೇರೆ ಲೆಕ್ಕ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯು3 ಎಂದಿರಬೇಕು, ಅದು ನೀರಿನಿಂದ ತಂಪಾಗುವ ಟೂ-ಸ್ಟ್ರೋಕ್ ಎಂಜಿನ್ನುಗಳ ಆಯಿಲಿನ ದರ್ಜೆ. ಬೈಕಿನ ಟೂ-ಸ್ಟ್ರೋಕ್ ಆಯಿಲಿನಲ್ಲಿರುವ ಲೋಹದಂಶ ಸುಟ್ಟು ಬೂದಿಯಾಗಿ ಪಿಸ್ಟನ್ನಿನ ಮೇಲೂ ಪ್ಲಗ್ಗಿನ ಮೇಲೂ ಕೂರುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇ. 20ರವರೆಗೆ ಏರಿರುವುದು ಹಳೆಯ ಎಂಜಿನ್ನುಗಳಿಗೆ ಹೊಸ ತಲೆನೋವು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಮಿತಿ ಮೀರಿದಾಗ ನೀರಿನೊಂದಿಗೆ ಬೇರೆ ಪದರವಾಗಿ ಟ್ಯಾಂಕಿನ ತಳಕ್ಕಿಳಿಯುತ್ತದೆ, ಹಳೆಯ ಕಾಲದ ರಬ್ಬರ್ ಕೊಳವೆಗಳನ್ನು ಕೆಡಿಸುತ್ತದೆ. ಕಡಲಂಚಿನ ತೇವದಲ್ಲಿ ತಿಂಗಳುಗಟ್ಟಲೆ ಇಟ್ಟ ಪೆಟ್ರೋಲನ್ನು ಎಂಜಿನ್ನಿಗೆ ಹಾಕಬೇಡಿ.

ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ನಿಂತುಹೋಗುವ ಎಂಜಿನ್ನಿನ ಕಾರ್ಬ್ಯುರೇಟರಿಗೆ ಕೈಹಾಕುವ ಮೊದಲು ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯೇ ನೋಡಿ. ಟ್ಯಾಂಕಿನ ಕೊಳವೆಯಲ್ಲಿ ಇಂಧನ ತಳ್ಳಲು ಇರುವ ಕೈಬಲ್ಬು ಚಪ್ಪಟೆಯಾಗಿ ಉಳಿದರೆ ತಡೆ ಟ್ಯಾಂಕಿನ ಕಡೆ. ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ, ಇಲ್ಲವೇ ಕಾರ್ಬ್ಯುರೇಟರಿನ ಫ್ಲೋಟ್ ಸೂಜಿ ಮುಚ್ಚುತ್ತಿಲ್ಲ. ಕಾರ್ಬ್ಯುರೇಟರ್ ಬಿಚ್ಚಲೇಬೇಕಾದರೆ ಇಂಧನ ಹಾಯುವ ಹಿತ್ತಾಳೆಯ ಪುಟ್ಟ ಜೆಟ್ಟಿನ ತೂತಿಗೆ ಸ್ಟೀಲ್ ತಂತಿ ಹಾಕಬೇಡಿ. ಹಿತ್ತಾಳೆ ಮೆದು, ತೂತು ಅಗಲವಾದರೆ ಎಂಜಿನ್ ಸದಾ ಹೊಗೆ ಕಕ್ಕುತ್ತದೆ. ತೆಳು ನೈಲಾನ್ ದಾರ ಸಾಕು.

ಕಿಡಿಯ ಕತೆ ಚಿಕ್ಕದು. ಕಿಡಿ ಬರದಿದ್ದರೆ ಮೊದಲು ಕೈಗೆ ಕಟ್ಟುವ ಸುರಕ್ಷಾ ಹಗ್ಗದ ಕ್ಲಿಪ್ ಸ್ವಿಚ್ಚಿನಲ್ಲಿದೆಯೇ ನೋಡಿ. ನಗಬೇಡಿ, ಕಾಯಿಲ್ ಬದಲಿಸಿದ ಮೇಲೆ ಇದನ್ನು ಕಂಡುಕೊಂಡವರಿದ್ದಾರೆ. ದೋಣಿಯ ಅರ್ಧ ಜೀವ ಹೋದಂತೆ ಅನಿಸಿದರೆ ಒಂದು ಸಿಲಿಂಡರ್ ಸತ್ತಿದೆ. ನಿಲ್ಲಿಸಿ ಎರಡೂ ಪ್ಲಗ್ ತೆಗೆದು ಹೋಲಿಸಿ: ಕಂದು ಬಣ್ಣದ್ದು ದುಡಿಯುತ್ತಿತ್ತು, ಕಪ್ಪಗೆ ಒದ್ದೆಯಾದದ್ದು ಸುಮ್ಮನಿತ್ತು. ಬಿಳುಚಿಕೊಂಡು ಸಣ್ಣ ಸಣ್ಣ ಕಾಳು ಅಂಟಿದ್ದರೆ ಮಿಶ್ರಣದಲ್ಲಿ ಇಂಧನ ಕಡಿಮೆಯಾಗಿ ಗಾಳಿ ಹೆಚ್ಚಾಗಿದೆ, ಅಥವಾ ನೀರಿನ ದಾರಿ ಕಟ್ಟಿದೆ. ಅಂಥ ಎಂಜಿನ್ನನ್ನು ಆ ದಿನ ಮತ್ತೆ ಓಡಿಸಬೇಡಿ.

ಹಳೆಯ ಎಂಜಿನ್ ಕೊಳ್ಳುವವರು ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಹಿಡಿದು ಹೋಗಬೇಕು. ಎರಡೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಐದಾರು ಸಲ ಹಗ್ಗ ಎಳೆಯಿರಿ. ಸಣ್ಣ ಪೆಟ್ರೋಲ್ ಟೂ-ಸ್ಟ್ರೋಕುಗಳಲ್ಲಿ 90ರಿಂದ 120 ಪಿಎಸ್‌ಐ ಸಾಮಾನ್ಯ, ಸೀಮೆಎಣ್ಣೆ ಮಾದರಿಯಲ್ಲಿ ಇನ್ನೂ ಕಡಿಮೆ. ಅಂಕಿಗಿಂತ ಮುಖ್ಯ ಎರಡರ ನಡುವಿನ ವ್ಯತ್ಯಾಸ. ಅದು ಶೇ. 10 ದಾಟಿದರೆ ಪಿಸ್ಟನ್ ರಿಂಗ್ ಅಂಟಿದೆ, ಸಿಲಿಂಡರ್ ಗೀರಿದೆ ಅಥವಾ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆ. ಅಂಟಿದ ರಿಂಗಾದರೆ ಅದೃಷ್ಟ: ಮಸಿ ಕೆರೆದು, ಮುರಿದ ಹಳೆ ರಿಂಗಿನ ತುಂಡಿನಿಂದಲೇ ರಿಂಗ್ ಕೂರುವ ತೋಡನ್ನು ಶುಚಿ ಮಾಡಿ ಹೊಸದು ಕೂರಿಸಿದರೆ ಮುಗಿಯಿತು. ರಿಂಗಿನ ಬಾಯಿ ತೋಡಿನೊಳಗಿನ ಪುಟ್ಟ ಪಿನ್ನಿಗೆ ಹೊಂದಿ ಕೂತಿರಬೇಕು, ಇಲ್ಲವಾದರೆ ಸಿಲಿಂಡರಿನೊಳಗೆ ತೂರಿಸುವಾಗ ಮುರಿಯುತ್ತದೆ.

ಕೊನೆಗೆ, ಅಳಿವೆಯಲ್ಲಿ ದೋಣಿ ಮಗುಚಿ ಮುಳುಗಿದ ಎಂಜಿನ್. ಹೊರತೆಗೆದ ಕೂಡಲೇ ಕಬ್ಬಿಣದ ಬೇರಿಂಗುಗಳ ಮೇಲೆ ಉಪ್ಪು, ಗಾಳಿ ಎರಡೂ ಸೇರಿ ತುಕ್ಕು ಹಿಡಿಯತೊಡಗುತ್ತದೆ. ಹಗ್ಗವನ್ನು ಮೆಲ್ಲಗೆ ಎಳೆದು ನೋಡಿ. ಓಡುತ್ತಿರುವಾಗಲೇ ಮುಳುಗಿ, ಈಗ ಬಿಗಿಯಾಗಿ ನಿಂತಿದ್ದರೆ ಕನೆಕ್ಟಿಂಗ್ ರಾಡ್ ಬಾಗಿರಬಹುದು, ಬಲವಂತ ಬೇಡ. ಸರಾಗ ತಿರುಗುತ್ತಿದ್ದರೆ ಸಿಹಿನೀರಿನಿಂದ ಚೆನ್ನಾಗಿ ತೊಳೆದು, ಪ್ಲಗ್ ತೆಗೆದು, ಪ್ಲಗ್ಗಿನ ತೂತುಗಳು ಕೆಳಮುಖವಾಗುವಂತೆ ಮಲಗಿಸಿ ನೀರು ನಿಲ್ಲುವವರೆಗೆ ಹಗ್ಗ ಎಳೆಯಿರಿ. ಕಾರ್ಬ್ಯುರೇಟರ್ ಖಾಲಿ ಮಾಡಿ, ಸಿಲಿಂಡರಿಗೆ ಟೂ-ಸ್ಟ್ರೋಕ್ ಆಯಿಲ್ ಬಿಟ್ಟು, ಹೊಸ ಪೆಟ್ರೋಲಿನಲ್ಲಿ ಎರಡು ಮೂರು ಗಂಟೆಯೊಳಗೆ ಹತ್ತಿಸಿ ಅರ್ಧ ಗಂಟೆ ಓಡಿಸಿದರೆ ಉಳಿಯುತ್ತದೆ. ಆ ಹೊತ್ತಿಗೆ ಹತ್ತಿಸುವುದು ಸಾಧ್ಯವೇ ಇಲ್ಲವೆಂದಾದರೆ ಒಣಗಲು ಬಿಸಿಲಿಗೆ ಇಡಬೇಡಿ. ಮೆಕ್ಯಾನಿಕ್ ಬರುವವರೆಗೆ ಸಿಹಿನೀರಿನ ಡ್ರಮ್ಮಿನಲ್ಲಿ ಇಡಿಯಾಗಿ ಮುಳುಗಿಸಿಯೇ ಇಡಿ.